ಸುದ್ದಿಯಲ್ಲಿ ಸತ್ತಿದೆ, ಬದಿಯಡ್ಕದಲ್ಲಿ ಓಡುತ್ತಿದೆ: ಥಿಂಕ್‌ಪ್ಯಾಡ್ ಟಿ470

ಟೆಕ್ ಸುದ್ದಿ ಓದುವ ಚಟ ಇದ್ದವರು ಹಳೇ ಲ್ಯಾಪ್‌ಟಾಪ್ ಇಟ್ಟುಕೊಳ್ಳಬಾರದು. ಬೆಳಿಗ್ಗೆ ಕಾಫಿ ಹಿಡಿದು ಕೂತರೆ ಯಾರಾದರೊಬ್ಬರು ಅದಕ್ಕೆ ಶ್ರದ್ಧಾಂಜಲಿ ಬರೆದೇ ಇರುತ್ತಾರೆ. ನನ್ನ ಥಿಂಕ್‌ಪ್ಯಾಡ್ ಟಿ470 2017ರ ಮಾಡೆಲ್. ಸೆಕೆಂಡ್ ಹ್ಯಾಂಡ್. 2020ರ ಕೊನೆಗೆ ತಂದದ್ದು, ಇವತ್ತಿಗೂ ಅದರಲ್ಲೇ ಕೆಲಸ. ಅಷ್ಟರಲ್ಲಿ ಅದು ಎಷ್ಟು ಸಲ ಸತ್ತಿತು ಅಂತ ಲೆಕ್ಕ ಇಟ್ಟಿಲ್ಲ.

ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯಲ್ಲಿ ಡಿಟಿಪಿ ಮಾಡುವವನು. ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ, ಯಕ್ಷಗಾನದ ಹ್ಯಾಂಡ್‌ಬಿಲ್, ಶಾಲೆಗಳ ಸ್ಮರಣ ಸಂಚಿಕೆ. ಮೆಷಿನ್ ಕೈಕೊಟ್ಟರೆ ಮದುವೆ ನಿಲ್ಲುವುದಿಲ್ಲ, ಆದರೆ ಹುಡುಗಿಯ ಅಪ್ಪ ಅಂಗಡಿಯಿಂದ ಎದ್ದು ಹೋಗುವುದಿಲ್ಲ. ಹಾಗಾಗಿ ಇಲ್ಲಿ ಬೆಂಚ್‌ಮಾರ್ಕ್ ಅಂಕಿಗಳನ್ನು ಹುಡುಕಬೇಡಿ.

ಮೊದಲು ಕೊಂಡ ಕತೆ, ಬೇಗ ಮುಗಿಸುತ್ತೇನೆ. ದೊಡ್ಡ ಕಂಪನಿಗಳು ಇಂಥ ಲ್ಯಾಪ್‌ಟಾಪ್‌ಗಳನ್ನು ಕೆಲವು ವರ್ಷ ಓಡಿಸಿ ಲಾಟ್‌ಗಟ್ಟಲೆ ಮಾರಿಬಿಡುತ್ತವೆ. ಅವು ತೊಳೆದು ಒರೆಸಿಕೊಂಡು ‘ರಿಫರ್ಬಿಶ್ಡ್’ ಎಂಬ ಸ್ಟಿಕ್ಕರ್ ಹಚ್ಚಿಕೊಂಡು ಅಂಗಡಿಗೆ ಬರುತ್ತವೆ. ಆ ವರ್ಷ ಕೊರೊನಾ ಅಂತ ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿದ್ದು ನಿಮಗೂ ನೆನಪಿರಬಹುದು. ದಾರಿ ಸರಿಯಾದ ಮೇಲೆ ಮಂಗಳೂರಿಗೆ ಹೋಗಿ ಒಂದು ಅಂಗಡಿಯಿಂದ ತಂದೆ. ಅಂಗಡಿಯವರು ‘ಬ್ಯಾಟರಿ ಹೊಚ್ಚ ಹೊಸತು ಸಾರ್’ ಅಂದರು. ಮನೆಗೆ ತಂದು ಬ್ಯಾಟರಿ ರಿಪೋರ್ಟ್ ತೆಗೆದರೆ, ಮುನ್ನೂರಕ್ಕೂ ಹೆಚ್ಚು ಸಲ ಚಾರ್ಜ್ ಆಗಿ ಇಳಿದ ಬ್ಯಾಟರಿ. ಹೊಸತು ಎಂದರೆ ಅವರ ಅಂಗಡಿಗೆ ಹೊಸತು ಅಂತ ಇರಬೇಕು.

ಆದರೆ ಈ ಮಾಡೆಲ್‌ನ ದೊಡ್ಡ ಗುಣ ಇರುವುದೇ ಬ್ಯಾಟರಿಯಲ್ಲಿ. ಒಂದಲ್ಲ, ಎರಡು ಬ್ಯಾಟರಿ. ಒಂದು ಒಳಗೆ, 24 ವ್ಯಾಟ್-ಅವರ್‌ನದ್ದು. ಇನ್ನೊಂದು ಹಿಂಬದಿಯಲ್ಲಿ, ಕೈಯಲ್ಲೇ ತೆಗೆದು ಹಾಕುವಂಥದ್ದು. ಹೊರಗಿನದ್ದು ಮೊದಲು ಖಾಲಿಯಾಗುತ್ತದೆ. ಆಗ ಅದನ್ನು ಕಳಚಿ ಇನ್ನೊಂದನ್ನು ಸಿಕ್ಕಿಸಬಹುದು, ಲ್ಯಾಪ್‌ಟಾಪ್ ಆಫ್ ಮಾಡುವುದೇ ಬೇಡ. ಒಳಗಿನದ್ದು ಅಷ್ಟು ಹೊತ್ತು ಹಿಡಿದುಕೊಂಡಿರುತ್ತದೆ. ಬೆಂಗಳೂರಿನಲ್ಲಿ ಕೂತು ಓದಿದರೆ ಇದರಲ್ಲಿ ಎಂತ ವಿಶೇಷ ಅನ್ನಿಸಬಹುದು. ಜುಲೈ ತಿಂಗಳಲ್ಲಿ ಈ ಕಡೆ ಬಂದು ನೋಡಿ. ತೋಟದ ಒಂದು ಸೋಗೆ ತಂತಿ ಮೇಲೆ ಬಿದ್ದರೆ ಸಾಕು, ಆ ದಿನದ ಕರೆಂಟ್ ಮುಗಿಯಿತು. ಎದುರಲ್ಲಿ ಪ್ರೂಫ್ ನೋಡಲು ಬಂದವರು, ಹೊರಗೆ ಧಾರಾಕಾರ ಮಳೆ, ಇನ್ವರ್ಟರ್ ಕೂಡ ಕೈ ಎತ್ತಿದೆ. ನಾನು ಡ್ರಾಯರ್‌ನಿಂದ ಇನ್ನೊಂದು ಬ್ಯಾಟರಿ ತೆಗೆದು ಸಿಕ್ಕಿಸುತ್ತೇನೆ. ಮುಂದಿನ ಟಿ480ರಲ್ಲೂ ಇದು ಇತ್ತು, ಅದರ ನಂತರ ಟಿ ಸರಣಿಯಲ್ಲಿ ಈ ವ್ಯವಸ್ಥೆಯೇ ಮುಗಿಯಿತು. ಲ್ಯಾಪ್‌ಟಾಪ್ ತೆಳ್ಳಗಾಗಬೇಕಂತೆ. ಯಾರಿಗೆ ಬೇಕಿತ್ತು? ಮದುವೆ ಕಾಗದದ ಬಂಡಲ್ ಹೊರುವವನಿಗೆ ಒಂದೂವರೆ ಕಿಲೋ ಲ್ಯಾಪ್‌ಟಾಪ್ ಭಾರ ಆಗುತ್ತದಾ?

ಈಗ ಸಾವಿನ ಸುದ್ದಿಗೆ ಬರುತ್ತೇನೆ. 2021ರ ಜೂನ್‌ನಲ್ಲಿ ಮೈಕ್ರೋಸಾಫ್ಟ್ ವಿಂಡೋಸ್ 11 ಘೋಷಿಸಿತು. ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು ಅಂದರು. ನಮ್ಮದರಲ್ಲಿ ಅದಿದೆ. ಇಂಟೆಲ್ ಆದರೆ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು ಅಂದರು. ನಮ್ಮದು ಏಳನೆಯದ್ದು. ಮುಗಿಯಿತು, ಪಂಕ್ತಿಯಿಂದ ಎಬ್ಬಿಸಿದ ಹಾಗೆ. ಜನ ಗಲಾಟೆ ಮಾಡಿದರು. ಆಗಸ್ಟ್‌ನಲ್ಲಿ ಏಳನೇ ತಲೆಮಾರಿನ ಬೆರಳೆಣಿಕೆಯ ಚಿಪ್‌ಗಳನ್ನು ಪಟ್ಟಿಗೆ ಸೇರಿಸಿದರು. ಅದರಲ್ಲಿ ಒಂದು ಸರ್ಫೇಸ್ ಸ್ಟುಡಿಯೋ 2ರಲ್ಲಿ ಇದ್ದ ಚಿಪ್. ಆ ಕಂಪ್ಯೂಟರ್ ಮಾಡಿದವರು ಯಾರು ಅಂತ ಕೇಳಬೇಡಿ, ಅವರೇ. ಮನೆಯವರಿಗೆ ಒಂದು ಎಲೆ ಯಾವಾಗಲೂ ಇರುತ್ತದೆ ಅಲ್ವಾ.

ಆಮೇಲೆ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲವೂ ನಿಂತಿತು. ಇನ್ನೊಂದು ವರ್ಷ ಸೆಕ್ಯುರಿಟಿ ಅಪ್‌ಡೇಟ್ ಬೇಕಿದ್ದರೆ ಮೂರು ದಾರಿ ಕೊಟ್ಟರು: 30 ಡಾಲರ್ ಕೊಡಿ, ಇಲ್ಲವೇ ಸೆಟ್ಟಿಂಗ್‌ಗಳನ್ನೆಲ್ಲ ಅವರ ಕ್ಲೌಡ್‌ಗೆ ಸಿಂಕ್ ಮಾಡಿ, ಇಲ್ಲವೇ 1,000 ರಿವಾರ್ಡ್ಸ್ ಪಾಯಿಂಟ್ ಕೊಡಿ. ಆ ಪಾಯಿಂಟ್ ಸಿಗುವ ಒಂದು ದಾರಿ ಬಿಂಗ್‌ನಲ್ಲಿ ಹುಡುಕುವುದು. ಅಷ್ಟೊಂದು ಬಿಂಗ್ ಮಾಡುವ ಬದಲು 30 ಡಾಲರ್ ಸಸ್ತಾ ಅಂತ ನನ್ನ ಲೆಕ್ಕ. ಅಡ್ಡದಾರಿಯಲ್ಲಿ ವಿಂಡೋಸ್ 11 ಹಾಕಿಕೊಂಡವರೂ ಬೇಕಾದಷ್ಟು ಜನ ಇದ್ದಾರೆ. ನನಗೆ ಯಾವುದೂ ಬೇಕಾಗಲಿಲ್ಲ. 2023ರಲ್ಲೇ ವಿಂಡೋಸ್ ಬದಲು ಡೆಬಿಯನ್ ಎಂಬ ಉಚಿತ ಲಿನಕ್ಸ್ ಹಾಕಿ ಆಗಿತ್ತು.

ಲಿನಕ್ಸ್ ಎಂದ ಕೂಡಲೇ ಬೇರೆ ಊರಿನವರು ಹುಬ್ಬೇರಿಸುತ್ತಾರೆ. ಕಾಸರಗೋಡಿನಲ್ಲಿ ಅದು ಶಾಲೆ ಮಕ್ಕಳ ವಿಷಯ. ಕೇರಳದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಐಟಿ ಲ್ಯಾಬ್ ಓಡುವುದೇ ಉಬುಂಟು ಮೇಲೆ ಕಟ್ಟಿದ ಕೈಟ್ ಗ್ನು/ಲಿನಕ್ಸ್‌ನಲ್ಲಿ. ಐಟಿ@ಸ್ಕೂಲ್ ಎಂಬ ಯೋಜನೆಯಾಗಿ ಶುರುವಾದದ್ದು 2017ರಲ್ಲಿ ಕೈಟ್ ಎಂಬ ಕಂಪನಿಯಾಯಿತು. ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ. ನಾನು ಡೆಬಿಯನ್ ಹಾಕಿ ಏನೋ ಸಾಧಿಸಿದವನ ಹಾಗೆ ಕೂತಿದ್ದೆ. ಅಕ್ಕನ ಮಗ ಬಂದು ಇಣುಕಿ ನೋಡಿ, ‘ಮಾವಾ, ಇದು ನಮ್ಮ ಶಾಲೆಯದ್ದರ ಹಾಗೇ ಉಂಟಲ್ಲ’ ಅಂದ. ಚಿತ್ರ ಬಿಡಿಸುವ ಇಂಕ್‌ಸ್ಕೇಪ್ ಎಂಬ ತಂತ್ರಾಂಶ ಅವನ ಐಟಿ ಪಾಠದಲ್ಲೇ ಇತ್ತು. ಒಂದು ಆಕಾರದಿಂದ ಇನ್ನೊಂದನ್ನು ಕತ್ತರಿಸುವುದು, ಅಕ್ಷರವನ್ನು ಬಳ್ಳಿಯ ಮೇಲೆ ಓಡಿಸುವುದು, ಎಲ್ಲ ಅವನಿಗೆ ಬೆರಳ ತುದಿಯಲ್ಲಿ. ಈಗ ರಜೆಯಲ್ಲಿ ಹ್ಯಾಂಡ್‌ಬಿಲ್ಲಿನ ಬಾರ್ಡರ್ ಅವನ ಡಿಪಾರ್ಟ್‌ಮೆಂಟ್. ‘ಲಿನಕ್ಸ್ ಡೆಸ್ಕ್‌ಟಾಪ್‌ನ ವರ್ಷ ಯಾವಾಗ’ ಅಂತ ಗೀಕ್‌ಗಳು ದಶಕಗಳಿಂದ ತಮಾಷೆ ಮಾಡುತ್ತಲೇ ಇದ್ದಾರೆ. ನಮ್ಮ ಶಾಲೆಗಳಲ್ಲಿ ಅದು ಬಂದು ಮಕ್ಕಳು ಪರೀಕ್ಷೆ ಬರೆದು ಪಾಸಾಗಿಯೂ ಆಯಿತು.

ಕನ್ನಡದ ಕೆಲಸ ಇದರಲ್ಲಿ ಹೇಗೆ? ಇದನ್ನೇ ಎಲ್ಲರೂ ಕೇಳುವುದು, ಹಾಗಾಗಿ ಸ್ವಲ್ಪ ಉದ್ದ ಹೇಳುತ್ತೇನೆ.

ಟೈಪಿಂಗ್‌ಗೆ ಐಬಸ್ ಇದೆ. ಅದರಲ್ಲಿ ಕೆಜಿಪಿ ಕೀಲಿಮಣೆ ಆರಿಸಿದರೆ ‘ನುಡಿ’ ತಂತ್ರಾಂಶದಲ್ಲಿ ಹೊಡೆದ ಕೈ ಹಾಗೇ ಓಡುತ್ತದೆ. ನಮ್ಮಲ್ಲಿ ಕಾಗದ ಹೆಚ್ಚಾಗಿ ಎರಡು ಭಾಷೆಯಲ್ಲಿ ಬೇಕು, ಒಂದು ಬದಿ ಕನ್ನಡ, ಇನ್ನೊಂದು ಬದಿ ಮಲಯಾಳ. ಸೂಪರ್ ಕೀ (ಅದೇ ವಿಂಡೋಸ್ ಕೀ) ಜೊತೆ ಸ್ಪೇಸ್ ಒತ್ತಿದರೆ ಭಾಷೆ ಬದಲು. ಮಲಯಾಳಕ್ಕೆ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಬಳಗದ ಮಂಜರಿ ಫಾಂಟ್ ಹಾಕುತ್ತೇನೆ, ಸಂತೋಷ್ ತೋಟ್ಟಿಂಗಲ್ ಅವರದ್ದು, ನೋಡಲು ಬಹಳ ಚಂದ. ಕನ್ನಡಕ್ಕೂ ಈಗ ಬರಗಾಲ ಇಲ್ಲ. ಗುಬ್ಬಿ, ನವಿಲು ಡೆಬಿಯನ್‌ನಲ್ಲೇ ಸಿಗುತ್ತವೆ. ನೋಟೋ ಇದೆ, ಅನೇಕ್ ಇದೆ. ಬಾಲೂ ತಮ್ಮ ಎಂಬ ದಪ್ಪ ಅಕ್ಷರ ಮಾತ್ರ ಮದುವೆ ಕಾಗದಕ್ಕೆ ಹಾಕುವುದಿಲ್ಲ. ಮದುಮಗನ ಹೆಸರು ಐಸ್‌ಕ್ರೀಂ ಅಂಗಡಿ ಬೋರ್ಡಾಗುತ್ತದೆ. ಬಾಲವಾಡಿಯ ವಾರ್ಷಿಕೋತ್ಸವಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ.

ತಲೆನೋವು ಇರುವುದು ಹಳೇ ಫೈಲ್‌ಗಳಲ್ಲಿ. ದೇವಸ್ಥಾನದ ಸಮಿತಿಯವರು ಹನ್ನೆರಡು ವರ್ಷದ ಹಿಂದಿನ ಬ್ರಹ್ಮಕಲಶದ ಆಮಂತ್ರಣ ತಂದು ‘ಇದರಲ್ಲೇ ಸ್ವಲ್ಪ ಹೆಸರು ಬದಲಿಸಿದರೆ ಆಯ್ತು ಮಾರಾಯ್ರೆ’ ಅನ್ನುತ್ತಾರೆ. ತೆರೆದರೆ ಕನ್ನಡವೇ ಇಲ್ಲ. ತಲೆ ಮೇಲೆ ಟೊಪ್ಪಿ, ಬುಡಕ್ಕೆ ಬಾಲ ಇರುವ ರೋಮನ್ ಅಕ್ಷರಗಳ ಸಂತೆ. ಯುನಿಕೋಡ್‌ಗೆ ಮೊದಲಿನ ಎಎಸ್‌ಸಿಐಐ ಫಾಂಟ್‌ನಲ್ಲಿ ಹೊಡೆದದ್ದು ಹಾಗೆಯೇ ಕಾಣುವುದು. ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿದ ಫಾಂಟ್ ಅದು. ಫಾಂಟ್ ಇಲ್ಲದಿದ್ದರೆ ಚಿತ್ರವೂ ಇಲ್ಲ. ಇದನ್ನು ಯುನಿಕೋಡ್‌ಗೆ ತಿರುಗಿಸುವ ಉಚಿತ ಪರಿವರ್ತಕಗಳಿವೆ. ಗುಬ್ಬಿ, ನವಿಲು ಮಾಡಿದ ಅರವಿಂದ ವಿ.ಕೆ. ಅವರದ್ದೂ ಒಂದಿದೆ. ನಾನು ಪರಿವರ್ತಿಸಿದ ಮೇಲೆ ಅರ್ಕಾವತ್ತು ಇರುವ ಹೆಸರುಗಳನ್ನೆಲ್ಲ ಒಂದೊಂದಾಗಿ ನೋಡುತ್ತೇನೆ. ಆಡಳಿತ ಮೊಕ್ತೇಸರರ ಹೆಸರಿನಲ್ಲಿ ರ-ಕಾರ ಆಚೆ ಈಚೆ ಆದರೆ ಮುಂದಿನ ಜಾತ್ರೆಯ ಕೆಲಸ ಬೇರೆಯವರಿಗೆ.

ಪುಟ ಕಟ್ಟಲು ಸ್ಕ್ರೈಬಸ್. 2024ರಲ್ಲಿ 1.6 ಬಂದ ಮೇಲೆ ಒತ್ತಕ್ಷರ ಸರಿಯಾಗಿ ಕೂರುತ್ತದೆ. ಆದರೂ ಒಂದು ಕಿರಿಕಿರಿ ಹೇಳಲೇಬೇಕು. ಪ್ರೆಸ್ಸಿನವರಿಗೆ ಕೋರಲ್ ಡ್ರಾ ಫೈಲ್ ಬೇಕು, ಆ ತಂತ್ರಾಂಶ ಲಿನಕ್ಸ್‌ಗೆ ಇಲ್ಲ. ಪಿಡಿಎಫ್ ಕೊಟ್ಟರೆ ಮುಖ ಸಿಂಡರಿಸುತ್ತಾರೆ. ಅಕ್ಷರಗಳನ್ನೆಲ್ಲ ಕರ್ವ್ ಮಾಡಿ, ಅಂದರೆ ಬರೀ ಗೆರೆಯ ಚಿತ್ರವಾಗಿಸಿ ಕಳಿಸುತ್ತೇನೆ, ಆಮೇಲೆ ಫೋನ್ ಬರುತ್ತದೆ: ‘ತಾರೀಕು ತಪ್ಪಿದೆ, ನಾವೇ ತಿದ್ದುವ ಅಂದ್ರೆ ಆಗ್ತಾ ಇಲ್ಲ.’ ಆಗಬಾರದು ಅಂತಲೇ ಕರ್ವ್ ಮಾಡಿದ್ದು. ಡಿಟಿಪಿಯವರು ಲಿನಕ್ಸ್‌ಗೆ ಬರುವ ಮೊದಲು ಪ್ರೆಸ್ಸಿನವರ ಹತ್ತಿರ ಮಾತಾಡಿ. ಉಳಿದ ತೊಂದರೆಗಳೆಲ್ಲ ಇದರ ಎದುರು ಸಣ್ಣವು.

ಇನ್ನು ಈ ಮಧ್ಯೆ ಬಂದು ಹೋದ ಸುದ್ದಿಗಳು. ಬೆಂಗಳೂರಿನ ಭಾವನಿಗೆ ಹೊಸ ಮಾಡೆಲ್ ಬಂದಾಗಲೆಲ್ಲ ಕೈ ತುರಿಸುತ್ತದೆ. ಫೋನ್ ಮಾಡಿದರೆ ಮೊದಲ ಪ್ರಶ್ನೆಯೇ ‘ಎಂತ ಭಾವಾ, ಆ ಡಬ್ಬ ಇನ್ನೂ ಉಂಟಾ?’

2024ರ ಜನವರಿಯಲ್ಲಿ ಕೀಬೋರ್ಡ್‌ಗೆ ಮೈಕ್ರೋಸಾಫ್ಟ್‌ನ ಎಐ ಸಹಾಯಕ ಕೋಪೈಲಟ್‌ನ ಹೆಸರಲ್ಲಿ ಹೊಸ ಕೀ ಬರುತ್ತದೆ ಎಂದು ಘೋಷಣೆ ಆಯಿತು. ವಿಂಡೋಸ್ ಕೀ ಬಂದು ಸುಮಾರು ಮೂವತ್ತು ವರ್ಷದ ಮೇಲೆ ಆದ ಕ್ರಾಂತಿಯಂತೆ. ಅದು ಕೂರುವುದು ಸ್ಪೇಸ್ ಬಾರ್‌ನ ಬಲಬದಿಗೆ, ಆಲ್ಟ್‌ನ ಅಕ್ಕಪಕ್ಕ. ಮೇ ತಿಂಗಳಲ್ಲಿ ರೀಕಾಲ್ ಬಂತು. ಕೆಲವು ಸೆಕೆಂಡಿಗೊಮ್ಮೆ ನಿಮ್ಮ ಪರದೆಯ ಚಿತ್ರ ತೆಗೆದಿಟ್ಟು, ಆಮೇಲೆ ‘ಮೊನ್ನೆ ಎಂತ ನೋಡಿದ್ದೆ’ ಅಂತ ಕೇಳಿದರೆ ಹುಡುಕಿಕೊಡುವ ಸೌಲಭ್ಯ. ಜನ ಬೊಬ್ಬೆ ಹಾಕಿದ ಮೇಲೆ ಹಿಂದೆ ಸರಿದು, ಬೇಕಾದವರು ಮಾತ್ರ ಆನ್ ಮಾಡಿಕೊಳ್ಳಿ ಅಂತ ಬದಲಿಸಿ, 2025ರ ಏಪ್ರಿಲ್‌ನಲ್ಲಿ ಬಿಟ್ಟರು. ಅದಕ್ಕೆ ಕೋಪೈಲಟ್ ಪ್ಲಸ್ ಪಿಸಿ ಬೇಕು, 16 ಜಿಬಿ ರ‍್ಯಾಮ್ ಬೇಕು, ಎಐಗೆಂದೇ ಬೇರೆ ಪ್ರೊಸೆಸರ್ ಬೇಕು. ನನ್ನ ಟಿ470ರಲ್ಲಿ ಬಲಗಡೆ ಆಲ್ಟ್ ಮತ್ತು ಕಂಟ್ರೋಲ್ ನಡುವೆ ಇರುವುದು ಪ್ರಿಂಟ್ ಸ್ಕ್ರೀನ್ ಕೀ. ಪರದೆಯ ಚಿತ್ರ ಬೇಕಾದಾಗ ನಾನೇ ಒತ್ತುತ್ತೇನೆ. ಬೇಡವಾದಾಗ ಅದು ಸುಮ್ನೆ ಇರುತ್ತದೆ.

2024ರ ಜುಲೈ 19ಕ್ಕೆ ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ತಂತ್ರಾಂಶ ಕಂಪನಿಯ ಒಂದು ಕೆಟ್ಟ ಅಪ್‌ಡೇಟ್ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳನ್ನು ಮಲಗಿಸಿತು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದು ಕೊಟ್ಟರು. ಅವತ್ತು ಶುಕ್ರವಾರ. ಭಾವ ನೀಲಿ ಪರದೆಯ ಫೋಟೋ ಕಳಿಸಿ ‘ಇವತ್ತು ರಜೆ’ ಅಂದ. ನನಗೆ ರಜೆ ಇರಲಿಲ್ಲ.

ಲಿನಕ್ಸ್ ಅಂದರೆ ದೇವರು ಅಂತ ನಾನು ಹೇಳುತ್ತಿಲ್ಲ. ಅದೇ ವರ್ಷದ ಮಾರ್ಚ್‌ನಲ್ಲಿ, ಲಿನಕ್ಸ್ ಜೊತೆ ಬರುವ ಎಕ್ಸ್‌ಝಡ್ ಎಂಬ ಸಣ್ಣ ಕಂಪ್ರೆಷನ್ ತಂತ್ರಾಂಶದಲ್ಲಿ ಹಿಂಬಾಗಿಲು, ಅಂದರೆ ಹೊರಗಿನವರು ಗುಟ್ಟಾಗಿ ಒಳಗೆ ಬರುವ ದಾರಿ ಸಿಕ್ಕಿತು. ಜಿಯಾ ಟಾನ್ ಎಂಬ ಹೆಸರಿನಲ್ಲಿ ಯಾರೋ ವರ್ಷಗಟ್ಟಲೆ ಒಳ್ಳೆಯವರ ಹಾಗೆ ಕೆಲಸ ಮಾಡಿ, ನಂಬಿಕೆ ಗಳಿಸಿ, ಆಮೇಲೆ ಇಟ್ಟದ್ದು. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ಲಾಗಿನ್ ಆಗಲು ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಅಂತ ಬೆನ್ನು ಹತ್ತಿ ಅದನ್ನು ಹಿಡಿದರು. ಮೈಕ್ರೋಸಾಫ್ಟ್‌ನ ಎಂಜಿನಿಯರ್, ಅದೂ ಹೇಳಬೇಕಲ್ಲ. ಹಿಂಬಾಗಿಲು ಇದ್ದದ್ದು 5.6ರ ಆವೃತ್ತಿಗಳಲ್ಲಿ. ಹೊಸದನ್ನು ಮೊದಲು ಹಾಕಿಕೊಳ್ಳುವ ಉತ್ಸಾಹಿಗಳಿಗೆ ಅದು ತಲುಪಿತ್ತು. ನನ್ನ ಡೆಬಿಯನ್ 12ರಲ್ಲಿ ಇದ್ದದ್ದು ಹಳೇ 5.4. ಡೆಬಿಯನ್ ಸ್ಟೇಬಲ್‌ನಲ್ಲಿ ಎಲ್ಲವೂ ಲೇಟು ಅಂತ ಗೇಲಿ ಮಾಡುವವರು ಅವತ್ತು ಸಂಜೆವರೆಗೆ ತಮ್ಮ ಮೆಷಿನ್ ತಡಕಾಡುತ್ತಿದ್ದರು.

ರ‍್ಯಾಮ್ ವಿಷಯ ಕೇಳಿದರೆ ನಗಬೇಕೋ ಅಳಬೇಕೋ. ಇದರಲ್ಲಿ ಎರಡು ಸ್ಲಾಟ್ ಇವೆ, ಡಿಡಿಆರ್4, 32 ಜಿಬಿವರೆಗೆ. ನಾನು 16 ಜಿಬಿಯ ಒಂದು ಸ್ಟಿಕ್ ಸಸ್ತಾ ಇದ್ದಾಗ ಹಾಕಿಸಿದ್ದೆ. 2025ರ ಕೊನೆಗೆ ಎಐ ಡೇಟಾ ಸೆಂಟರ್‌ಗಳು ಮೆಮೊರಿಯನ್ನೆಲ್ಲ ನುಂಗತೊಡಗಿ ಬೆಲೆ ಆಕಾಶಕ್ಕೆ ಹೋಯಿತು. ನಮ್ಮಂಥವರಿಗೆ ಮಾರುವ ಕ್ರೂಶಿಯಲ್ ಬ್ರ್ಯಾಂಡನ್ನೇ ಮೈಕ್ರಾನ್ ನಿಲ್ಲಿಸುತ್ತೇವೆ ಎಂದಿತು. ನಮ್ಮಲ್ಲಿ ಹೊಸ ಅಡಕೆಗಿಂತ ಹಳೆ ಅಡಕೆಗೆ ರೇಟು ಜಾಸ್ತಿ, ಇನ್ನೂ ಹಳೆಯದಾದ ಡಬಲ್ ಚೋಲಿಗೆ ಇನ್ನೂ ಜಾಸ್ತಿ. ನನ್ನ ರ‍್ಯಾಮ್ ಈಗ ಡಬಲ್ ಚೋಲ್. ಭಾವನ ಫೋನ್ ಬಂತು, ‘ಡಬ್ಬ’ ಎಂಬ ಪದ ಬರಲಿಲ್ಲ. ‘ಅಲ್ಲಿ ಮಂಗಳೂರಲ್ಲಿ ಹಳೇ ರ‍್ಯಾಮ್ ಸಿಕ್ಕುತ್ತದಾ ಭಾವಾ?’

ರಿಪೇರಿ ನಾನೇ ಮಾಡಿಕೊಳ್ಳುವಷ್ಟು ಸುಲಭ. ಒಂದೇ ಎಚ್ಚರ: ಕವರ್ ಬಿಚ್ಚುವ ಮೊದಲು ಬಯಾಸ್‌ಗೆ (ಲ್ಯಾಪ್‌ಟಾಪ್ ಆನ್ ಆಗುವಾಗ ತೆರೆಯುವ ಮೂಲ ಸೆಟ್ಟಿಂಗ್) ಹೋಗಿ, ಪವರ್ ವಿಭಾಗದಲ್ಲಿ ಒಳಗಿನ ಬ್ಯಾಟರಿಯನ್ನು ಡಿಸೇಬಲ್ ಮಾಡಬೇಕು. ಹೊರಗಿನದ್ದು ತೆಗೆದರೂ ಒಳಗಿನದ್ದು ಬೋರ್ಡ್‌ಗೆ ಕರೆಂಟ್ ಕೊಡುತ್ತಲೇ ಇರುತ್ತದೆ, ಮರೆಯಬೇಡಿ. ಆಮೇಲೆ ಸ್ಕ್ರೂ ಸಡಿಲಿಸಿ, ಹಳೇ ಎಟಿಎಂ ಕಾರ್ಡ್ ತೂರಿಸಿ ಅಂಚು ಬಿಡಿಸಿದರೆ ಆಯಿತು. ಚಾರ್ಜರ್ ಸಿಕ್ಕಿಸಿದ ಕೂಡಲೇ ಬ್ಯಾಟರಿ ತಾನಾಗಿ ಎಚ್ಚರವಾಗುತ್ತದೆ. ಮಳೆಗಾಲ ಕಳೆದ ಮೇಲೆ ನಾನು ಒಮ್ಮೆ ಬಿಚ್ಚುತ್ತೇನೆ. ಫ್ಯಾನಿನ ಬಾಯಲ್ಲಿ ಧೂಳು ಇರುತ್ತದೆ, ಜೊತೆಗೆ ಇರುವೆ. ಇರುವೆಗೆ ಒಳಗೆ ಏನು ಕೆಲಸವೋ, ಯಾವ ರಿವ್ಯೂನಲ್ಲೂ ಬರೆದಿರುವುದಿಲ್ಲ.

ವಿಡಿಯೋ ಎಡಿಟಿಂಗ್, ದೊಡ್ಡ ಗೇಮ್ ಆಸೆ ಇದ್ದರೆ ಇದನ್ನು ಮುಟ್ಟಬೇಡಿ, ಎರಡೇ ಕೋರ್. ಕೀಬೋರ್ಡ್‌ನ ಎಡ ಮೂಲೆಯಲ್ಲಿ ಕಂಟ್ರೋಲ್ ಬದಲು ಎಫ್‌ಎನ್ ಕೀ ಇದೆ. ಅಭ್ಯಾಸ ಆಗದಿದ್ದರೆ ಬಯಾಸ್‌ನಲ್ಲಿ ಅದಲು ಬದಲು ಮಾಡಬಹುದು. ನಡುವಿನ ಕೆಂಪು ಗುಂಡಿಯನ್ನು ಕೆಲವರು ಆರಾಧಿಸುತ್ತಾರೆ, ನಾನು ಮೌಸ್ ಇಟ್ಟುಕೊಂಡಿದ್ದೇನೆ.

ಈಗ ಕೊಳ್ಳುವುದಾದರೆ ಟಿ480 ಹುಡುಕಿ, ಎಂಟನೇ ತಲೆಮಾರು, ನಾಲ್ಕು ಕೋರ್, ಎರಡು ಬ್ಯಾಟರಿಯೂ ಇದೆ. ಯಾವುದೇ ಆದರೂ ಬ್ಯಾಟರಿ ರಿಪೋರ್ಟ್ ಅಂಗಡಿಯಲ್ಲೇ ತೆಗೆಸಿ ನೋಡಿ. ಪರದೆಯನ್ನೂ ಕೇಳಿ. ಇದನ್ನು ಮೊದಲು ಕೊಂಡ ಯಾವುದೋ ಆಫೀಸು ಎಲ್ಲಕ್ಕಿಂತ ಸಸ್ತಾ 1366×768 ಪರದೆ ಆರಿಸಿತ್ತು. ಅದರಲ್ಲಿ ಕುಂಕುಮದ ಕೆಂಪು ಕಿತ್ತಳೆಯಾಗಿ ಕಾಣುತ್ತಿತ್ತು. ಫುಲ್ ಎಚ್‌ಡಿ ಐಪಿಎಸ್ ಪರದೆ ಹಾಕಿಸಿದ ಮೇಲೆ ಪ್ರೂಫ್ ನೋಡಿದವರು ಬಣ್ಣದ ತಕರಾರು ನಿಲ್ಲಿಸಿದರು. ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ಆ ಪರದೆಯ ಖರ್ಚಿಗೆ.