ಬಣ್ಣ ಹಚ್ಚಿದ ಮುಖಗಳೂ ಡಿಜಿಕ್ಯಾಮೂ: ಐದು ವರ್ಷದ ಒಡನಾಟ

ಹಗಲು ಸಹಕಾರಿ ಸಂಘದ ಲೆಕ್ಕ, ರಾತ್ರಿ ಯಕ್ಷಗಾನದ ಆಟ ಇದ್ದಲ್ಲಿ ರಂಗಸ್ಥಳದ ಬುಡದಲ್ಲಿ ಕ್ಯಾಮೆರಾ ಹಿಡಿದು ಕೂರುವುದು, ಇದು ನನ್ನ ಬದುಕು. ದೀಪಾವಳಿ ಕಳೆದು ಮೇಳಗಳು ಹೊರಟವೆಂದರೆ ತಿರುಗಾಟ ಮುಗಿಯುವ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚುವವರೆಗೆ ನಿದ್ದೆಗೆ ಲೆಕ್ಕವಿಲ್ಲ. 2008ರಿಂದ ಹೀಗೆ ಕೂಡಿಹಾಕಿದ ಯಕ್ಷಗಾನದ ಫೋಟೋಗಳು ಈಗ 61 ಸಾವಿರ ದಾಟಿವೆ. ತೆಗೆಯುವುದು ಸುಲಭ. ಹತ್ತು ವರ್ಷದ ಮೇಲೆ ಯಾರೋ ಕಲಾವಿದರು ಫೋನ್ ಮಾಡಿ "ನನ್ನ ಮಹಿಷಾಸುರ ಒಂದು ಉಂಟಾ ನಿಮ್ಮಲ್ಲಿ? ಮಗಳ ಮದುವೆಗೆ ದೊಡ್ಡದು ಮಾಡಿಸ್ಬೇಕಿತ್ತು" ಎಂದಾಗ ಹುಡುಕಿ ಕೊಡುವುದೇ ಕಷ್ಟ. ಆ ಕಷ್ಟಕ್ಕೆ ನಾನು 2020ರಿಂದ ಬಳಸುತ್ತಿರುವುದು ಡಿಜಿಕ್ಯಾಮ್ ಎಂಬ, ಫೋಟೋಗಳನ್ನು ಜೋಡಿಸಿಟ್ಟು ಹುಡುಕಿಕೊಡುವ ಕಂಪ್ಯೂಟರ್ ತಂತ್ರಾಂಶ.

ಅದಕ್ಕೆ ಮೊದಲು ಇದೇ ಕೆಲಸಕ್ಕೆ ಗೂಗಲಿನ ಪಿಕಾಸಾ ಇತ್ತು. ಎಷ್ಟು ಹಗುರ, ಎಷ್ಟು ಚುರುಕು! ಗೂಗಲ್ 2016ರ ಮಾರ್ಚ್‌ನಲ್ಲಿ ಅದರ ಬೆಂಬಲ ನಿಲ್ಲಿಸಿತು. ನಾನು ಮಾತ್ರ ಸತ್ತ ಎತ್ತನ್ನೇ ಉಳುಮೆಗೆ ಕಟ್ಟಿದವನ ಹಾಗೆ ಇನ್ನೂ ನಾಲ್ಕು ವರ್ಷ ಅದರಲ್ಲೇ ಒದ್ದಾಡಿದೆ. ಕೊನೆಗೆ ಹೊಸ ಲ್ಯಾಪ್‌ಟಾಪಿಗೆ ಬಂದಾಗ, ಫೋಟೋದಲ್ಲಿದ್ದವರಿಗೆ ಒಂದೊಂದಾಗಿ ಕೊಟ್ಟಿದ್ದ ಹೆಸರುಗಳಲ್ಲಿ ಮುಕ್ಕಾಲು ಪಾಲು ಬರಲೇ ಇಲ್ಲ. ತಪ್ಪು ನನ್ನದೇ: ಹೆಸರನ್ನು ಫೋಟೋದೊಳಗೇ ಬರೆದಿಡುವ ಆಯ್ಕೆ ಪಿಕಾಸಾದಲ್ಲೇ ಇತ್ತು, ನಾನು ಗುರುತು ಹಾಕಿರಲಿಲ್ಲ.

ಹಾಗಾಗಿ ಡಿಜಿಕ್ಯಾಮ್ ಹಾಕಿಕೊಂಡ ದಿನ ಮೊದಲು ಮಾಡಿದ ಕೆಲಸ ಸೆಟ್ಟಿಂಗಿಗೆ ಹೋಗಿ ಹೆಸರು, ಟ್ಯಾಗು, ನಕ್ಷತ್ರ ಎಲ್ಲವನ್ನೂ ಜೆಪೆಗ್ ಕಡತದೊಳಗೇ ಬರೆಯಲು ಹೇಳಿದ್ದು. ಕ್ಯಾಮೆರಾ ಕೊಡುವ ಕಚ್ಚಾ ರೂಪದ ರಾ ಕಡತಗಳನ್ನು ಮುಟ್ಟಬೇಡ, ಪಕ್ಕದಲ್ಲಿ ಎಕ್ಸ್‌ಎಂಪಿ ಎಂಬ ಪುಟ್ಟ ಚೀಟಿ ಇಡು ಎಂದದ್ದು. ಹೊಸದಾಗಿ ಶುರು ಮಾಡುವವರು ಈ ಒಂದು ಕೆಲಸ ಮಾಡಿ, ಉಳಿದದ್ದು ನಿಧಾನಕ್ಕೆ ಕಲಿತರಾಯಿತು.

ಅದರ ಫಲ 2022ರ ಮಳೆಗಾಲದಲ್ಲಿ ಸಿಕ್ಕಿತು. ಸಿಡಿಲಿಗೋ ಏನೋ, ಮುಖ್ಯ ಹಾರ್ಡ್ ಡಿಸ್ಕ್ ಟಿಕ್ ಟಿಕ್ ಎಂದು ಎರಡು ದಿನ ಸದ್ದು ಮಾಡಿ ಸತ್ತಿತು. ಫೋಟೋಗಳ ಪ್ರತಿ ಅಣ್ಣನ ಮನೆಯ ಕಪಾಟಿನಲ್ಲಿತ್ತು. ಡಿಜಿಕ್ಯಾಮಿನ ದಾಸ್ತಾನು (ಡೇಟಾಬೇಸ್) ಕಡತಗಳ ಪ್ರತಿ ಎಲ್ಲೂ ಇರಲಿಲ್ಲ. ಹೊಸ ಡಿಸ್ಕಿಗೆ ಎಲ್ಲ ಸುರಿದು, ತಂತ್ರಾಂಶ ಹೊಸದಾಗಿ ಹಾಕಿ, ಓದಲು ಬಿಟ್ಟು ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಎಡಬದಿಯಲ್ಲಿ ಟ್ಯಾಗಿನ ಮರ ತಾನಾಗಿ ಚಿಗುರಿತ್ತು: ತೆಂಕುತಿಟ್ಟು (ದಕ್ಷಿಣದ ಶೈಲಿ), ಅದರೊಳಗೆ ಬಣ್ಣದ ವೇಷ (ರಾಕ್ಷಸರು), ಪುಂಡುವೇಷ (ಎಳೆಯ ವೀರರು), ಸ್ತ್ರೀವೇಷ, ಒಂದೊಂದರ ಕೆಳಗೂ ಕಲಾವಿದರ ಹೆಸರು, ಎಲ್ಲ ಕನ್ನಡದಲ್ಲೇ, ಒಂದು ಒತ್ತಕ್ಷರವೂ ಕೆಡದೆ. ಮುಖದ ಸುತ್ತ ಹಾಕಿದ ಚೌಕಗಳೂ ಬಂದಿದ್ದವು. ಹೋದದ್ದು ಉಳಿಸಿಟ್ಟ ಹುಡುಕಾಟಗಳು, ಮುಖ ಗುರುತಿಸಲು ಅದಕ್ಕೆ ಕೊಟ್ಟಿದ್ದ ತರಬೇತಿ ಮಾತ್ರ. ಆವತ್ತು ಮನೆಯವಳು "ಏನು, ಒಬ್ಬರೇ ನಗ್ತಾ ಇದ್ದೀರಿ?" ಎಂದು ಕೇಳಿದ್ದಳು.

ತಂತ್ರಾಂಶದ ಬಗ್ಗೆ ಎರಡು ಮಾತು. 2001ರಲ್ಲಿ ಹುಟ್ಟಿದ್ದು, ಕೆಡಿಇ ಎಂಬ ಮುಕ್ತ ತಂತ್ರಾಂಶ ಬಳಗದ್ದು, ಗಿಲ್ ಕೋಲಿಯೆ ಮತ್ತು ಜೊತೆಗಾರರು ನಡೆಸಿಕೊಂಡು ಬರುತ್ತಿರುವುದು. ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರರಲ್ಲೂ ಓಡುತ್ತದೆ. ದುಡ್ಡಿಲ್ಲ, ಚಂದಾ ಇಲ್ಲ, ಫೋಟೋ ಎಲ್ಲಿಗೂ ಏರಿಸಬೇಕಿಲ್ಲ. ಗೂಗಲ್ ಫೋಟೋಸ್ 2021ರ ಜೂನ್ 1ರಿಂದ ಉಚಿತ ಜಾಗವನ್ನು 15 ಜಿಬಿಗೆ ಕಟ್ಟಿಹಾಕಿದ್ದು ನೆನಪಿರಬಹುದು. ನನ್ನ ಒಂದು ತಿರುಗಾಟದ ಫೋಟೋಗಳಿಗೇ ಅದು ಸಾಲದು.

ಇನ್ನು ಎಲ್ಲರೂ ಕೇಳುವ ಕೃತಕ ಬುದ್ಧಿಮತ್ತೆಯ ಸಂಗತಿ. 2020ರ ಜುಲೈಯಲ್ಲಿ ಬಂದ 7.0 ಆವೃತ್ತಿಯಲ್ಲಿ ಮುಖ ಗುರುತಿಸುವ ಭಾಗವನ್ನು ಉದಾಹರಣೆಗಳಿಂದ ತಾನೇ ಕಲಿಯುವ ಡೀಪ್ ಲರ್ನಿಂಗ್ ಮೇಲೆ ಹೊಸದಾಗಿ ಕಟ್ಟಿದ್ದರು. ನಾನು ಸೇರಿಕೊಂಡದ್ದೂ ಆಗಲೇ. ಮೊದಲಿಗೆ ನೂರಾರು ಎಂಬಿಯ ಮಾದರಿ ಕಡತಗಳನ್ನು ಇಳಿಸಿಕೊಳ್ಳಬೇಕು, ಆಮೇಲೆ ಇಂಟರ್ನೆಟ್ಟಿನ ಹಂಗಿಲ್ಲ. ಹಿಮ್ಮೇಳದವರನ್ನು, ಅಂದರೆ ಹಾಡುವ ಭಾಗವತರನ್ನು, ಚೆಂಡೆ ಮದ್ದಳೆಯವರನ್ನು ಅದು ಹಿಡಿದ ರೀತಿ ನೋಡಿ ಬೆರಗಾದೆ. ಒಬ್ಬೊಬ್ಬರದು ಹತ್ತಿಪ್ಪತ್ತು ಫೋಟೋಕ್ಕೆ ಹೆಸರು ಕೊಟ್ಟರೆ ಸಾಕು, ಮುಂಡಾಸು ಸುತ್ತಿದ್ದರೂ, ಓರೆಯಾಗಿ ಕೂತಿದ್ದರೂ, ಹದಿನೈದು ವರ್ಷ ಹಳೆಯದಾದರೂ "ಇವರಾ?" ಎಂದು ಮುಂದೆ ತಂದು ಇಡುತ್ತದೆ. ನಾವು ಹೌದು, ಅಲ್ಲ ಎಂದು ಒತ್ತಿದರಾಯಿತು.

ವೇಷಧಾರಿಗಳ ಮುಮ್ಮೇಳದಲ್ಲಿ ಅದರ ಆಟ ನಡೆಯಲಿಲ್ಲ. ಬಣ್ಣ ಹಚ್ಚುವ ಚೌಕಿಯಲ್ಲಿ ಬೀಡಿ ಸೇದುತ್ತ ಕೂತವರೂ ಎರಡು ಗಂಟೆಯ ಮೇಲೆ ಸಭೆಯ ನಡುವಿನಿಂದ ದೊಂದಿ ಹಿಡಿದು ಬರುವ ಮಹಿಷಾಸುರನೂ ಒಬ್ಬರೇ ಎಂದು ಯಾವ ಯಂತ್ರಕ್ಕೆ ಹೇಳುವುದು? ಸ್ತ್ರೀವೇಷದವರನ್ನೆಲ್ಲ ಒಟ್ಟು ಸೇರಿಸಿ ಒಬ್ಬರನ್ನಾಗಿ ಮಾಡಿತು. ಬಣ್ಣದ ವೇಷವನ್ನು ಮುಖವೆಂದೇ ಬಗೆಯಲಿಲ್ಲ, ಹಿಂದಿನ ಪರದೆಯ ಮೇಲಿದ್ದ ದೇವಿಯ ಚಿತ್ರಕ್ಕೆ ಮಾತ್ರ ಚೊಕ್ಕವಾಗಿ ಚೌಕ ಹಾಕಿ ಹೆಸರು ಕೇಳಿತು! 2025ರ ಆವೃತ್ತಿಗೆ ಬಂದ ಮೇಲೆ ಸುಧಾರಿಸಿದೆ. ಪುಂಡುವೇಷಗಳನ್ನು ಈಗ ಹತ್ತರಲ್ಲಿ ನಾಲ್ಕೈದು ಸಲ ಸರಿಯಾಗಿ ಹೇಳುತ್ತದೆ. ಬಣ್ಣದ ವೇಷದ ಆಸೆ ಬಿಟ್ಟಿದ್ದೇನೆ. ಹಿಮ್ಮೇಳ ಅದಕ್ಕೆ, ಮುಮ್ಮೇಳ ನನಗೆ ಎಂದು ಪಾಲು ಮಾಡಿಕೊಂಡಿದ್ದೇವೆ.

ತಾನಾಗಿ ಟ್ಯಾಗು ಹಾಕುವ ಸೌಲಭ್ಯ 2024ರ ಆವೃತ್ತಿಗಳಲ್ಲಿ ಬಂತು. ಒಂದು ರಾತ್ರಿಯ ಆಟದ ಮೇಲೆ ಬಿಟ್ಟು ನೋಡಿದೆ. ಚೆಂಡೆಗೆ 'ಡ್ರಮ್' ಎಂದಿತು, ಒಪ್ಪೋಣ. ಕಿರೀಟಕ್ಕೆ 'ಅಂಬ್ರೆಲಾ' ಎಂದಿತು. ಅಲ್ಲಿಗೆ ಮುಚ್ಚಿದೆ. ಮಕ್ಕಳು ಮರಿ, ನಾಯಿ ಬೆಕ್ಕು, ಪ್ರವಾಸದ ಫೋಟೋ ಇರುವವರಿಗೆ ಉಪಯೋಗವಾದೀತು.

2023ರ 8.0ರಲ್ಲಿ ಬಂದ ಅಕ್ಷರ ಓದುವ ಸಲಕರಣೆ ಮಾತ್ರ ನನಗೆ ಅನಿರೀಕ್ಷಿತ ಲಾಭ. ಅದರ ಒಳಗಿರುವುದು ಟೆಸರಾಕ್ಟ್ ಎಂಬ ಅಕ್ಷರ ಓದುವ ತಂತ್ರಾಂಶ. ಕನ್ನಡದ ಭಾಷಾ ಕಡತ ಪ್ರತ್ಯೇಕವಾಗಿ ಹಾಕಿಕೊಂಡರೆ ಕನ್ನಡವನ್ನೂ ಓದುತ್ತದೆ. ಹಳೆಯ ಆಟಗಳ ಕರಪತ್ರಗಳನ್ನು ಸ್ಕ್ಯಾನ್ ಮಾಡಿಟ್ಟಿದ್ದೆ, ಅವುಗಳ ಮೇಲೆ ಓಡಿಸಿದೆ. ಮೇಲಿನ ಬಳ್ಳಿಬಳ್ಳಿ ಅಕ್ಷರದ ಶೀರ್ಷಿಕೆ ಅದರ ಬಾಯಲ್ಲಿ ಬೇರೆಯದೇ ಭಾಷೆಯಾಯಿತು. ಕೆಳಗೆ ಸಣ್ಣಕ್ಷರದಲ್ಲಿದ್ದ ಪಾತ್ರಧಾರಿಗಳ ಪಟ್ಟಿ ಬಹುಪಾಲು ಸರಿಯಾಗಿ ಬಂತು. ಯಾವ ರಾತ್ರಿ ಯಾರು ಯಾವ ವೇಷ ಎಂದು ತಿಳಿಯಲು ಅಷ್ಟು ಸಾಕು.

ಒಂದು ಕಿರಿಕಿರಿ ಹೇಳಿಬಿಡುತ್ತೇನೆ, ಆಟದ ಫೋಟೋ ತೆಗೆಯುವವರಿಗಷ್ಟೇ ಗೊತ್ತಾಗುವಂಥದ್ದು. ನಮ್ಮಲ್ಲಿ ಆಟದ ತಾರೀಕು ಎಂದರೆ ಆ ಸಂಜೆಯ ತಾರೀಕು. ದಿನದರ್ಶಿಯ ನೋಟದಲ್ಲಿ ಮಧ್ಯರಾತ್ರಿ ಹನ್ನೆರಡಕ್ಕೆ ಪ್ರಸಂಗವೇ ಎರಡು ತುಂಡು: ಯುದ್ಧಕ್ಕೆ ಹೊರಟ ಅಭಿಮನ್ಯು ಶನಿವಾರ, ಸತ್ತ ಅಭಿಮನ್ಯು ಭಾನುವಾರ. ಕಾಲಮಿತಿಯ ಆಟಗಳು ಹೆಚ್ಚಾದ ಮೇಲೆ ಇದರ ಕಾಟ ಕಡಿಮೆಯಾಗಿದೆ. ಪೂರ್ತಿ ರಾತ್ರಿಯದಾದರೆ ಒಂದೊಂದು ಆಟಕ್ಕೂ ಒಂದು ಆಲ್ಬಮ್ ಮಾಡಿ, ಹೆಸರಿನಲ್ಲೇ ಸಂಜೆಯ ತಾರೀಕು ಹಾಕುತ್ತೇನೆ. ಎರಡು ಕ್ಯಾಮೆರಾಗಳ ಗಡಿಯಾರ ಹೊಂದದಿದ್ದರೆ ಸರಿಪಡಿಸುವ ಸಲಕರಣೆ ಇದೆ, ಚೆನ್ನಾಗಿದೆ.

ಗಿರಗಿರನೆ ಸುತ್ತಿ ಹಾರುವ ಧೀಂಗಿಣದ ಫೋಟೋಗಳಿಗೆ ಡಿಜಿಕ್ಯಾಮಿನ ಲೈಟ್ ಟೇಬಲ್ ಬೇಕೇ ಬೇಕು. ಒಂದು ಸುತ್ತಿಗೆ ನಲವತ್ತು ಚಿತ್ರ ಬಿದ್ದಿರುತ್ತದೆ. ಎರಡನ್ನು ಅಕ್ಕಪಕ್ಕ ಇಟ್ಟು, ಒಂದರಲ್ಲಿ ಹಿಗ್ಗಿಸಿದರೆ ಇನ್ನೊಂದೂ ಅಷ್ಟೇ ಹಿಗ್ಗುತ್ತದೆ. ಕಣ್ಣು ಸ್ಪಷ್ಟ ಇರುವುದು ಉಳಿಯುತ್ತದೆ, ಮೂವತ್ತೆಂಟು ಹೋಗುತ್ತವೆ.

ತಿದ್ದುಪಡಿಗೆ ಡಿಜಿಕ್ಯಾಮಿನ ಎಡಿಟರ್ ಬೆಳಕು, ಓರೆಕೋರೆ, ಕತ್ತರಿಸುವುದಕ್ಕೆ ಸಾಕು. ಎಲ್‌ಇಡಿ ದೀಪದಡಿ ಉರಿದುಹೋದ ಕೆಂಪು ಬಣ್ಣ ತಹಬಂದಿಗೆ ಬರಬೇಕಾದರೆ ರಾ ಕಡತವನ್ನು ಡಾರ್ಕ್‌ಟೇಬಲ್ ಎಂಬ ಬೇರೆ ತಂತ್ರಾಂಶಕ್ಕೆ ಒಯ್ಯುತ್ತೇನೆ. ಎರಡೂ ಪಕ್ಕದ ಚೀಟಿಗೆ ಒಂದೇ ಹೆಸರು ಇಡುತ್ತವೆ. ಒಂದು ಬರೆದದ್ದನ್ನು ಇನ್ನೊಂದು ಅಳಿಸೀತೆಂದು ಎರಡನ್ನೂ ಒಟ್ಟಿಗೆ ತೆರೆದಿಡುವುದಿಲ್ಲ.

ಕತ್ತಲಿನ ಫೋಟೋದಲ್ಲಿ ಬೀಳುವ ಕಾಳಿನಂಥ ಚುಕ್ಕೆಗಳನ್ನು ಯಂತ್ರವೇ ತೆಗೆದು ನುಣುಪು ಮಾಡುವ ಹೊಸ ತಂತ್ರಾಂಶಗಳನ್ನೂ ನೋಡಿದೆ. ಗೆಳೆಯನೊಬ್ಬ ಚಂದಾ ಕಟ್ಟುವ ಒಂದರಲ್ಲಿ ನನ್ನ ಬಣ್ಣದ ವೇಷವೊಂದನ್ನು ಹಾಕಿದೆವು. ಕತ್ತಲೆ ಶುಭ್ರವಾಯಿತು, ಆಭರಣ ಹೊಳೆಯಿತು. ಹಿಗ್ಗಿಸಿ ನೋಡಿದರೆ ಮುಖದ ಮೇಲಿನ ಮುಳ್ಳುಮುಳ್ಳು ಬಿಳಿ ಅಲಂಕಾರ, ಚುಟ್ಟಿ, ಹೋಗಿತ್ತು. ಅಕ್ಕಿಹಿಟ್ಟು ಸುಣ್ಣ ಕಲಸಿ, ಕಡ್ಡಿಯಿಂದ ಒಂದೊಂದೇ ಮೊನೆ ಎಬ್ಬಿಸಿ ಗಂಟೆಗಟ್ಟಲೆ ಕೂತು ಇಟ್ಟ ಚುಟ್ಟಿ ಗೋಡೆಯ ಸುಣ್ಣದ ಹಾಗೆ ಒಂದೇ ಸಮ ಬಳಿದುಕೊಂಡಿತ್ತು. ಇನ್ನೊಮ್ಮೆ ಭಾಗವತರ ಮುಂದಿನ ಮೈಕ್ ಅಳಿಸಿದೆವು. ಮೈಕೇನೋ ಹೋಯಿತು, ಜಾಗಟೆ ಮೊಟ್ಟೆಯಾಕಾರಕ್ಕೆ ಬಂತು, ಅದರ ಹಗ್ಗ ಮಾಯ. ಮದುವೆಯ ಫೋಟೋಕ್ಕೆ ಇವೆಲ್ಲ ಇರಲಿ. ನಾನು ಕಾಳು ಕಾಳಾಗಿಯೇ ಇಡುತ್ತೇನೆ. ಏನನ್ನಾದರೂ ಅಳಿಸಿ ಕೊಟ್ಟ ಪ್ರತಿಗೆ 'ಅಳಿಸಿದ್ದು' ಎಂಬ ಟ್ಯಾಗು ಖಾಯಂ.

ಕುಂದುಗಳಿಲ್ಲವೆಂದಲ್ಲ. ನೋಡಲು ಜಾತ್ರೆಯ ಸಂತೆಯಂತಿದೆ, ನಾಲ್ಕೂ ಬದಿಯಲ್ಲಿ ಗುಂಡಿಗಳು. ಮೊದಲ ವಾರ ಹೆದರಿಕೆಯಾಗುತ್ತದೆ. ಹಳೆಯ ಲ್ಯಾಪ್‌ಟಾಪಿನಲ್ಲಿ ಮುಖ ಹುಡುಕಲು ಬಿಟ್ಟರೆ ಫ್ಯಾನು ಗಿರಣಿಯ ಹಾಗೆ ಕೂಗುತ್ತದೆ, ರಾತ್ರಿ ಬಿಟ್ಟು ಮಲಗುವುದೇ ಲೇಸು. ಫೋನಿನಲ್ಲೇ ಎಲ್ಲ ಆಗಬೇಕೆನ್ನುವವರಿಗೆ ಇದು ಹೇಳಿದ್ದಲ್ಲ.

ಈಗ ಪ್ರತಿ ಭಾನುವಾರ ಮಧ್ಯಾಹ್ನ, ಮೇಳ ಬಿಟ್ಟು ಮನೆಯಲ್ಲಿರುವ ಹಿರಿಯ ವೇಷಧಾರಿಯೊಬ್ಬರು ನಮ್ಮಲ್ಲಿಗೆ ಬರುತ್ತಾರೆ. ಹೆಸರಿಲ್ಲದ ಫೋಟೋಗಳನ್ನು ದೊಡ್ಡ ಪರದೆಗೆ ಹಾಕಿ ಒಂದೊಂದೇ ದಾಟಿಸುತ್ತೇನೆ. ಮೊನ್ನೆ ಒಂದು ಪುಂಡುವೇಷಕ್ಕೆ ಡಿಜಿಕ್ಯಾಮ್ ಒಂದು ಹೆಸರು ಸೂಚಿಸಿತ್ತು. ನನಗೂ ಹಾಗೇ ಕಂಡಿತು, ಹೌದು ಎಂದು ಒತ್ತಲಿದ್ದೆ.

"ನಿಲ್ಲಿ ಮಾರಾಯ್ರೆ, ಅವನಲ್ಲ ಅದು," ಎಂದರು. ಮುಖ ಅವರು ನೋಡಿರಲೇ ಇಲ್ಲ. "ಕಾಲು ನೋಡಿ. ಅವನು ಬಲಗಾಲು ಮುಂದಿಟ್ಟು ನಿಲ್ಲುವವ. ಇದು ಅವನ ತಮ್ಮ."

ಅಲ್ಲ ಎಂದು ಒತ್ತಿ, ತಮ್ಮನ ಹೆಸರು ಟೈಪ್ ಮಾಡಿದೆ. ಅವರು ಚಾ ಲೋಟ ಕೆಳಗಿಟ್ಟು ಮುಂದಿನದು ಹಾಕಲು ಹೇಳಿದರು. 2012ರ ಜನವರಿಯಲ್ಲಿದ್ದೇವೆ.