ಸಿಬ್ಬಂದಿ ನೆರವು ಸೇವೆಯ ವಿಮರ್ಶೆ: ವಜಾದ ಪಟ್ಟಿ ಸಿದ್ಧವಾಗುವ ಮುನ್ನ ಕರೆದರೆ ಉಪಯೋಗ

ಬೇಡಿಕೆ ಕುಸಿದು, ಕೈಯಲ್ಲಿದ್ದ ಆರ್ಡರ್‌ಗಳು ಒಂದೊಂದಾಗಿ ರದ್ದಾಗತೊಡಗಿದಾಗ ಆಡಳಿತ ಮಂಡಳಿಯ ಕಣ್ಣು ಮೊದಲು ಬೀಳುವುದು ಸಂಬಳದ ಪಟ್ಟಿಯ ಮೇಲೆ. ಇಂಥ ಹೊತ್ತಿನಲ್ಲಿ ಆಡಳಿತಕ್ಕೂ ಸಿಬ್ಬಂದಿಗೂ ನೆರವಾಗುತ್ತೇವೆಂದು ಮುಂದೆ ಬರುವ ಸಲಹಾ ಸಂಸ್ಥೆಗಳು ಈಗ ಹಲವಿವೆ. ಅಂಥದೊಂದರ ಪೂರ್ಣ ಪ್ಯಾಕೇಜನ್ನು ನಾನು ಕೆಲಸ ಮಾಡುವ ಮಧ್ಯಮ ಗಾತ್ರದ ಕಂಪನಿ ಪಡೆದುಕೊಂಡಿತ್ತು. ಎಚ್‌ಆರ್ ವಿಭಾಗದ ಪರವಾಗಿ ಅದನ್ನು ನೋಡಿಕೊಳ್ಳುವ ಹೊಣೆ ನನ್ನದಾಗಿತ್ತು. ಈ ಮಾದರಿಯ ಪ್ಯಾಕೇಜುಗಳು ಹೆಚ್ಚುಕಡಿಮೆ ಒಂದೇ ಅಚ್ಚಿನಲ್ಲಿ ಬರುವುದರಿಂದ ಸಂಸ್ಥೆಯ ಹೆಸರು ಹೇಳುವುದಕ್ಕಿಂತ ಒಳಗೆ ಏನಿದೆ, ಅದು ಎಷ್ಟರ ಮಟ್ಟಿಗೆ ಕೆಲಸಕ್ಕೆ ಬರುತ್ತದೆ ಎಂಬುದನ್ನು ಹೇಳುವುದೇ ಓದುವವರಿಗೆ ಉಪಯುಕ್ತ.

ಪ್ಯಾಕೇಜಿನಲ್ಲಿ ನಾಲ್ಕು ಭಾಗಗಳಿವೆ: ಖರ್ಚು ತಗ್ಗಿಸುವ ದಾರಿಗಳ ಪರಿಶೀಲನೆ, ತಂಡಗಳ ಮುಖ್ಯಸ್ಥರಿಗೆ ತರಬೇತಿ, ಎಲ್ಲ ಸಿಬ್ಬಂದಿಗೂ ಆಪ್ತಸಮಾಲೋಚನೆಯ ಸಹಾಯವಾಣಿ, ಕೆಲಸ ಕಳೆದುಕೊಂಡವರಿಗೆ ಬೇರೆ ಕೆಲಸ ಹುಡುಕಿಕೊಳ್ಳಲು ನೆರವು. ಸೇವೆಯನ್ನು ಪರಿಚಯಿಸಲು ಬಂದವರು ಹೆಚ್ಚು ಹೊತ್ತು ಮಾತಾಡಿದ್ದು ಸಹಾಯವಾಣಿ ಮತ್ತು ಅದರ ಆ್ಯಪ್ ಬಗ್ಗೆ. ಆದರೆ ಕೊಟ್ಟ ಹಣ ಸಾರ್ಥಕವಾದದ್ದು ಮೊದಲೆರಡು ಭಾಗಗಳಿಂದ.

ಮೊದಲ ಭಾಗದಲ್ಲಿ ಸಲಹೆಗಾರರು ಹಣಕಾಸು ಮುಖ್ಯಸ್ಥರನ್ನೂ ವಿಭಾಗಗಳ ಮುಖ್ಯಸ್ಥರನ್ನೂ ಒಟ್ಟಿಗೆ ಕೂರಿಸಿ, ‘ಎಷ್ಟು ಜನರನ್ನು ತೆಗೆಯಬೇಕು’ ಎಂಬ ಮಾತನ್ನು ಪಕ್ಕಕ್ಕಿಟ್ಟು, ‘ತಿಂಗಳಿಗೆ ಎಷ್ಟು ಹಣ ಉಳಿಯಬೇಕು, ಎಷ್ಟು ತಿಂಗಳು ಉಳಿಯಬೇಕು’ ಎಂದು ಕೇಳುತ್ತಾರೆ. ಆಮೇಲೆ ಒಂದು ದೊಡ್ಡ ಹಾಳೆಯಲ್ಲಿ ಹೊಸ ನೇಮಕಾತಿ ನಿಲ್ಲಿಸುವುದು, ಓವರ್‌ಟೈಮ್ ಕೈಬಿಡುವುದು, ಸ್ವಇಚ್ಛೆಯ ವೇತನರಹಿತ ರಜೆ, ವಾರದ ಕೆಲಸದ ಗಂಟೆಗಳನ್ನು ತಗ್ಗಿಸುವುದು, ಮೇಲಿನ ಹುದ್ದೆಗಳಿಂದ ಶುರುವಾಗಿ ಕೆಳಗೆ ಬರುವಂಥ ಸಂಬಳ ಕಡಿತ, ಬೇರೆ ವಿಭಾಗಕ್ಕೆ ವರ್ಗಾವಣೆ, ಕೊನೆಗೆ ವಜಾ ಇವುಗಳನ್ನು ಸಾಲಾಗಿ ಬರೆದು, ಪ್ರತಿಯೊಂದರಿಂದ ಹಣ ಯಾವಾಗಿನಿಂದ ಉಳಿಯತೊಡಗುತ್ತದೆ, ಪರಿಸ್ಥಿತಿ ಸುಧಾರಿಸಿದಾಗ ಅದನ್ನು ಹಿಂತೆಗೆದುಕೊಳ್ಳಲು ಎಷ್ಟು ಖರ್ಚಾಗುತ್ತದೆ ಎಂದು ತುಂಬಿಸುತ್ತಾರೆ. ವಜಾದ ಸಾಲಿನಲ್ಲಿ ನೋಟಿಸ್ ಅವಧಿಯ ಸಂಬಳ, ಉಳಿದ ರಜೆಯ ಹಣ, ಪರಿಹಾರ, ಮುಂದೆ ಅದೇ ಕೆಲಸಕ್ಕೆ ಹೊಸಬರನ್ನು ಹುಡುಕಿ ಕಲಿಸುವ ಖರ್ಚು ಎಲ್ಲವೂ ಸೇರಿದಾಗ, ಮೊದಲ ಕೆಲವು ತಿಂಗಳು ಅಲ್ಲಿ ಹೇಳಿಕೊಳ್ಳುವಂಥ ಉಳಿತಾಯವೇ ಇರುವುದಿಲ್ಲ. ಲೆಕ್ಕದ ಜನರಿಗೆ ಇದು ಗೊತ್ತಿಲ್ಲದ ಸಂಗತಿಯಲ್ಲ, ಆದರೆ ಎಲ್ಲ ವಿಭಾಗಗಳ ಮುಖ್ಯಸ್ಥರೂ ಅದನ್ನು ಒಟ್ಟಿಗೆ ನೋಡುವ ಸಂದರ್ಭ ಸಾಮಾನ್ಯವಾಗಿ ಒದಗುವುದಿಲ್ಲ.

ಸಲಹೆಗಾರರು ಕೊಟ್ಟ ಉದಾಹರಣೆಗಳೂ ತೂಕದವಾಗಿದ್ದವು. 2009ರಲ್ಲಿ ಜರ್ಮನಿಯ ಜಿಡಿಪಿ ಸುಮಾರು ಶೇ 5ರಷ್ಟು ಕುಸಿದರೂ ಅಲ್ಲಿ ನಿರುದ್ಯೋಗ ಹೆಚ್ಚು ಏರದಿರಲು ‘ಕುರ್ಟ್ಸ್‌ಆರ್ಬೈಟ್’ ಎಂಬ ಕಡಿಮೆ ಗಂಟೆಗಳ ವ್ಯವಸ್ಥೆ ಒಂದು ಮುಖ್ಯ ಕಾರಣ. ಗಂಟೆಗಳು ಕಡಿಮೆಯಾದದ್ದರಿಂದ ಕೈತಪ್ಪಿದ ಸಂಬಳದ ಒಂದು ಪಾಲನ್ನು ಸರ್ಕಾರದ ಉದ್ಯೋಗ ಸಂಸ್ಥೆ ತುಂಬಿಕೊಡುತ್ತಿತ್ತು, ಆ ವರ್ಷದ ಮಧ್ಯದಲ್ಲಿ 14 ಲಕ್ಷಕ್ಕೂ ಹೆಚ್ಚು ಜನ ಅದರಡಿ ಕೆಲಸ ಉಳಿಸಿಕೊಂಡಿದ್ದರು. ಅಂಥ ಸರ್ಕಾರಿ ನೆರವು ಇಲ್ಲದ ಕಡೆ ಏನು ಮಾಡಬಹುದು ಎಂಬುದಕ್ಕೆ ವೆಲ್ಡಿಂಗ್ ಉಪಕರಣ ತಯಾರಿಸುವ ಅಮೆರಿಕದ ಲಿಂಕನ್ ಎಲೆಕ್ಟ್ರಿಕ್ ಕಂಪನಿಯನ್ನು ಹೆಸರಿಸಿದರು: 1980ರ ದಶಕದ ಆರಂಭದ ಆರ್ಥಿಕ ಹಿಂಜರಿತದಲ್ಲಿ ಅದು ಕಾರ್ಖಾನೆಯ ಕೆಲವು ಕೆಲಸಗಾರರಿಗೆ ಮಾರಾಟದ ತರಬೇತಿ ಕೊಟ್ಟು ಗ್ರಾಹಕರ ಬಳಿಗೆ ಕಳಿಸಿತ್ತು. ನಮ್ಮಲ್ಲೂ ಕೆಲಸ ಕಡಿಮೆಯಾದ ಒಂದು ವಿಭಾಗದವರನ್ನು ಗ್ರಾಹಕ ಸೇವೆಗೆ ವರ್ಗಾಯಿಸುವ ಯೋಚನೆ ಹುಟ್ಟಿದ್ದು ಆ ಚರ್ಚೆಯಲ್ಲೇ. ಕೊರತೆಯೆಂದರೆ, ಆ ಹಾಳೆಯಲ್ಲಿ ಗುತ್ತಿಗೆ ಕೆಲಸಗಾರರಿಗೆ ಜಾಗವೇ ಇಲ್ಲ. ಹಿಂಜರಿತದಲ್ಲಿ ಮೊದಲು ಮನೆಗೆ ಹೋಗುವವರು ಅವರೇ ಆಗಿದ್ದರೂ ಪ್ಯಾಕೇಜಿನ ನಾಲ್ಕು ಭಾಗಗಳಲ್ಲಿ ಒಂದೂ ಅವರಿಗೆ ಅನ್ವಯಿಸುವುದಿಲ್ಲ.

ತಂಡಗಳ ಮುಖ್ಯಸ್ಥರ ತರಬೇತಿ ಇಡೀ ಸೇವೆಯಲ್ಲಿ ಅತ್ಯುತ್ತಮವಾದದ್ದು. ಉಪನ್ಯಾಸ ಕಡಿಮೆ, ಅಭ್ಯಾಸ ಹೆಚ್ಚು. ತರಬೇತುದಾರರು ಕೆಲಸ ಕಳೆದುಕೊಳ್ಳುವ ಉದ್ಯೋಗಿಯ ಪಾತ್ರದಲ್ಲಿ ಎದುರು ಕೂರುತ್ತಾರೆ, ಮುಖ್ಯಸ್ಥರು ಸುದ್ದಿ ತಿಳಿಸಬೇಕು. ನಾನು ನೋಡಿದ ಒಂದು ಸುತ್ತಿನಲ್ಲಿ ಹಿರಿಯ ಮುಖ್ಯಸ್ಥರೊಬ್ಬರು ಮಾರುಕಟ್ಟೆಯ ಸ್ಥಿತಿಗತಿ, ಕಂಪನಿಯ ಇತಿಹಾಸ ಎಲ್ಲವನ್ನೂ ಸುತ್ತಿ ಬಂದು ವಿಷಯ ಹೇಳಿದರು. ಎದುರಿದ್ದವರು ಏನೂ ಮಾತಾಡಲಿಲ್ಲ, ಸುಮ್ಮನೆ ನೋಡುತ್ತ ಕುಳಿತರು. ಆ ಮೌನ ತಾಳಲಾರದೆ ಮುಖ್ಯಸ್ಥರು, ‘ಚಿಂತೆ ಮಾಡಬೇಡಿ, ಪರಿಸ್ಥಿತಿ ಸರಿಹೋದ ಮೇಲೆ ನಿಮ್ಮನ್ನೇ ಮೊದಲು ಕರೆಯುತ್ತೇವೆ’ ಎಂದುಬಿಟ್ಟರು. ತರಬೇತುದಾರರು ಅಲ್ಲಿಯೇ ತಡೆದು, ‘ಸರ್, ಈ ಮಾತು ಕೊಡುವ ಅಧಿಕಾರ ನಿಮಗೆ ಯಾರು ಕೊಟ್ಟರು?’ ಎಂದು ಕೇಳಿದಾಗ ಕೋಣೆಯಲ್ಲಿದ್ದ ಯಾರ ಬಳಿಯೂ ಉತ್ತರವಿರಲಿಲ್ಲ. ಮೊದಲ ಎರಡು ವಾಕ್ಯಗಳೊಳಗೆ ತೀರ್ಮಾನ ತಿಳಿಸಬೇಕು, ಆಮೇಲೆ ಎದುರಿನವರು ಮಾತಾಡುವವರೆಗೆ ಕಾಯಬೇಕು, ಕೊನೆಯ ಸಂಬಳದ ದಿನಾಂಕ, ಲೆಕ್ಕ ಚುಕ್ತಾ ಆಗುವ ದಿನ, ಆರೋಗ್ಯ ವಿಮೆ ಎಲ್ಲಿಯವರೆಗೆ ಇರುತ್ತದೆ, ಅನುಭವ ಪತ್ರ ಯಾವಾಗ ಸಿಗುತ್ತದೆ ಎಂಬುದನ್ನು ಬರಹದಲ್ಲಿ ಕೈಗೆ ಕೊಡಬೇಕು, ಹೊರಬಂದ ಕೂಡಲೇ ಎಲ್ಲರ ಮೇಜುಗಳ ನಡುವೆ ಹಾದುಹೋಗಬೇಕಾಗದಂಥ ಕೋಣೆಯನ್ನು ಆರಿಸಿಕೊಳ್ಳಬೇಕು ಎಂಬಂಥ ಸೂಚನೆಗಳು ಸಣ್ಣವೆನಿಸಿದರೂ, ಸುದ್ದಿ ಕೇಳಿದವರ ನೆನಪಿನಲ್ಲಿ ವರ್ಷಗಟ್ಟಲೆ ಉಳಿಯುವುದು ಇವೇ.

ವಿವರಿಸಿ ಹೇಳುವುದರಿಂದ ವ್ಯತ್ಯಾಸವಾಗುತ್ತದೆಯೇ ಎಂಬ ಅನುಮಾನಕ್ಕೆ ತರಬೇತುದಾರರು ಸಂಶೋಧಕ ಜೆರಾಲ್ಡ್ ಗ್ರೀನ್‌ಬರ್ಗ್ 1990ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಮುಂದಿಟ್ಟರು. ಒಂದೇ ಕಂಪನಿಯ ಎರಡು ಕಾರ್ಖಾನೆಗಳಲ್ಲಿ ತಾತ್ಕಾಲಿಕವಾಗಿ ಶೇ 15ರಷ್ಟು ಸಂಬಳ ಕಡಿತವಾದಾಗ, ಕಾರಣವನ್ನು ಬಿಡಿಸಿ ಹೇಳಿ ವಿಷಾದ ವ್ಯಕ್ತಪಡಿಸಿದ ಕಡೆಗಿಂತ, ನಾಲ್ಕು ಮಾತಿನಲ್ಲಿ ಮುಗಿಸಿದ ಕಡೆ ಕಳ್ಳತನ ಹೆಚ್ಚಾಗಿತ್ತು. ಕಡಿತ ಎರಡೂ ಕಡೆ ಅಷ್ಟೇ ಇತ್ತು.

ಇನ್ನು ಸಹಾಯವಾಣಿ. ದಿನದ ಯಾವ ಹೊತ್ತಿಗೆ ಕರೆ ಮಾಡಿದರೂ ಆಪ್ತಸಮಾಲೋಚಕರು ಸಿಗುತ್ತಾರೆ, ಸಾಲದ ಕಂತು ಮುಂದೂಡುವ ಬಗ್ಗೆ ಸಲಹೆ ಕೊಡುವವರೂ ಇದ್ದಾರೆ, ಮತ್ತು ಸಿಬ್ಬಂದಿ ಹೆಚ್ಚು ಮೆಚ್ಚಿಕೊಂಡದ್ದು ಈ ಎರಡನೆಯವರನ್ನೇ. ಆ್ಯಪ್‌ನಲ್ಲಿರುವ ಉಸಿರಾಟದ ಅಭ್ಯಾಸ, ಮನಸ್ಸು ಹಗುರಾಗಿಸುವ ಸಂಗೀತ ಇತ್ಯಾದಿಗಳನ್ನು ಯಾರೂ ಹಾನಿಕರ ಎನ್ನಲಾರರು. ಸಂಬಳ ಬರುತ್ತದೋ ಇಲ್ಲವೋ ಎಂಬ ಚಿಂತೆಯಲ್ಲಿರುವವರಿಗೆ ಅವುಗಳಿಂದ ಆಗುವುದೂ ಅಷ್ಟರಲ್ಲೇ ಇದೆ. ಗಂಭೀರ ಆಕ್ಷೇಪವಿರುವುದು ತಿಂಗಳ ವರದಿಯ ಬಗ್ಗೆ. ಹೆಸರುಗಳಿಲ್ಲ ಎಂಬ ಭರವಸೆಯೊಂದಿಗೆ ಬರುವ ಆ ವರದಿ ಕರೆಗಳ ಸಂಖ್ಯೆಯನ್ನು ವಿಭಾಗವಾರು ತೋರಿಸುತ್ತದೆ. ಏಳೆಂಟು ಜನರ ವಿಭಾಗದಲ್ಲಿ ಇಬ್ಬರು ಕರೆ ಮಾಡಿದ್ದಾರೆಂದು ತಿಳಿದರೆ ಅವರು ಯಾರೆಂದು ಊಹಿಸುವುದು ಮುಖ್ಯಸ್ಥರಿಗೆ ಕಷ್ಟವಲ್ಲ, ಮತ್ತು ವಜಾದ ಪಟ್ಟಿ ತಯಾರಾಗುವ ಕಾಲದಲ್ಲಿ ಅಂಥ ಊಹೆ ಅಪಾಯಕಾರಿ. ಅದನ್ನು ಬದಲಾಯಿಸಲು ಸಂಸ್ಥೆ ಒಪ್ಪಿತಾದರೂ ಪತ್ರದ ಮೇಲೆ ಪತ್ರ ಬರೆಯಬೇಕಾಯಿತು.

ಬೇರೆ ಕೆಲಸ ಹುಡುಕಿಕೊಳ್ಳುವ ನೆರವು ನಿರಾಶೆ ತಂದಿತು. ಕಚೇರಿ ಕೆಲಸದವರಿಗೆ ರೆಸ್ಯೂಮೆ ತಿದ್ದಿಕೊಡುವುದು, ಸಂದರ್ಶನದ ಅಭ್ಯಾಸ ಮಾಡಿಸುವುದು ಚೆನ್ನಾಗಿಯೇ ನಡೆಯಿತು. ಯಂತ್ರದ ಮುಂದೆ ಇಪ್ಪತ್ತು ವರ್ಷ ನಿಂತ ತಂತ್ರಜ್ಞರಿಗೆ ಅದೇ ಮಾದರಿ ರೆಸ್ಯೂಮೆಯನ್ನು ಕೊಟ್ಟರೆ ಅದರಲ್ಲಿ ಅವರು ಬರೆಯುವುದೇನು? ಕೆಲಸ ಕಳೆದುಕೊಳ್ಳುವ ತನ್ನ ಸಿಬ್ಬಂದಿಗಾಗಿ ನೋಕಿಯಾ 2011ರಲ್ಲಿ ಆರಂಭಿಸಿದ ‘ಬ್ರಿಡ್ಜ್’ ಕಾರ್ಯಕ್ರಮದ ಹೆಸರು ಸಂಸ್ಥೆಯ ಕಿರುಹೊತ್ತಗೆಯಲ್ಲಿ ಎದ್ದು ಕಾಣುತ್ತದೆ; ಆದರೆ 13 ದೇಶಗಳಲ್ಲಿ ಸುಮಾರು 18,000 ಜನರನ್ನು ತಲುಪಿದ ಆ ಕಾರ್ಯಕ್ರಮದಲ್ಲಿ ಕಂಪನಿಯೊಳಗೆ ಬೇರೆ ಹುದ್ದೆ, ಹೊರಗೆ ಕೆಲಸ, ಹೊಸ ವಿದ್ಯೆ, ಸ್ವಂತ ಉದ್ಯಮಕ್ಕೆ ಬಂಡವಾಳ ಹೀಗೆ ಹಲವು ದಾರಿಗಳಿದ್ದವು, ಇಲ್ಲಿರುವುದು ಒಂದೇ.

ವಜಾದ ನಂತರ ಕೆಲಸದಲ್ಲಿ ಉಳಿದವರ ಬಗ್ಗೆ ಪ್ಯಾಕೇಜಿನಲ್ಲಿ ಹೇಳುವಂಥದ್ದೇನೂ ಇಲ್ಲ. ‘ಸ್ಥೈರ್ಯ’ ಎಂಬ ವಿಷಯದ ಮೇಲೆ ಒಂದು ಆನ್‌ಲೈನ್ ಉಪನ್ಯಾಸವಿದೆ, ಅಷ್ಟೆ. ಹೋದವರ ಕೆಲಸವನ್ನು ಯಾರು ಮಾಡಬೇಕು, ಯಾವ ಕೆಲಸವನ್ನು ಪೂರ್ತಿ ಕೈಬಿಡಬಹುದು ಎಂದು ಕೂತು ಹಂಚಿಕೊಡದಿದ್ದರೆ ಚುರುಕಾದವರು ತಾವಾಗಿಯೇ ಬೇರೆ ಕಡೆ ಹೋಗುತ್ತಾರೆ; ನಮ್ಮಲ್ಲಿ ಆ ಹಂಚಿಕೆಯನ್ನು ಮುಖ್ಯಸ್ಥರೇ ಮಾಡಿಕೊಂಡರು.

ಶುಲ್ಕದ ವಿಚಾರದಲ್ಲಿ ಎಚ್ಚರವಿರಲಿ. ಅದು ಒಟ್ಟು ಸಿಬ್ಬಂದಿಯ ತಲೆಲೆಕ್ಕದಲ್ಲಿದೆ, ಆದರೆ ಒಪ್ಪಂದದಲ್ಲಿ ಕನಿಷ್ಠ ಮೊತ್ತ ನಮೂದಾಗಿರುವುದರಿಂದ ಸಿಬ್ಬಂದಿ ಕಡಿಮೆಯಾದರೂ ಬಿಲ್ ಕಡಿಮೆಯಾಗುವುದಿಲ್ಲ. ಯಾರನ್ನು ತೆಗೆಯಬೇಕೆಂಬ ಪಟ್ಟಿ ಈಗಾಗಲೇ ಸಿದ್ಧವಿರುವ ಕಂಪನಿ ಮೊದಲ ಭಾಗಕ್ಕೆ ಹಣ ಕೊಟ್ಟು ಪ್ರಯೋಜನವಿಲ್ಲ, ಅದಕ್ಕೆ ತರಬೇತಿಯೊಂದೇ ಸಾಕು. ಪಟ್ಟಿಯ ಮಾತು ಇನ್ನೂ ಎದ್ದಿಲ್ಲದ ಕಂಪನಿಗೆ ಮೊದಲೆರಡು ಭಾಗಗಳನ್ನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. ನವೀಕರಣದ ವೇಳೆ ನಾವು ಅವೆರಡನ್ನು ಪೂರ್ತಿಯಾಗಿ, ಸಹಾಯವಾಣಿಯನ್ನು ಆ್ಯಪ್ ಇಲ್ಲದೆ ಉಳಿಸಿಕೊಂಡಿದ್ದೇವೆ. ವರದಿಯಲ್ಲಿ ಸಣ್ಣ ವಿಭಾಗಗಳನ್ನು ಪ್ರತ್ಯೇಕವಾಗಿ ತೋರಿಸಬಾರದೆಂಬ ಷರತ್ತು ಈಗ ಒಪ್ಪಂದದಲ್ಲೇ ಇದೆ. ಗುತ್ತಿಗೆ ಕೆಲಸಗಾರರನ್ನೂ ಸೇರಿಸಬೇಕೆಂಬ ಬೇಡಿಕೆಗೆ ಸಂಸ್ಥೆಯಿಂದ ಇನ್ನೂ ಉತ್ತರ ಬಂದಿಲ್ಲ.