ಹಿತ್ತಲ ಶೆಡ್ಡಿನ ಪವರ್ ಟೂಲ್‌ಗಳು: ಕೆಲವು ಮಳೆಗಾಲ ಕಳೆದ ಮೇಲೆ

ಹೊಸದಾಗಿ ಪವರ್ ಟೂಲ್ ಕೊಳ್ಳುವವರು ಮೊದಲು ಕೇಳುವುದು ಯಾವ ಕಂಪನಿದು ಒಳ್ಳೇದು ಅಂತ. ಸಾಗರದ ನಮ್ಮ ಮನೆ ಹಿತ್ತಲಲ್ಲಿ ತಗಡಿನ ಶೆಡ್ ಹಾಕಿಕೊಂಡು ನಾನು ಮರದ ಕೆಲಸ ಶುರು ಮಾಡಿ ಕೆಲವು ವರ್ಷಗಳಾದವು. ಇದು ನನ್ನ ಹೊಟ್ಟೆಪಾಡಲ್ಲ. ಮನೆಗೆ ಬೇಕಾದ ಕಪಾಟು, ಮಂಚ, ಬೆಂಚು ಮಾಡಿಕೊಳ್ಳುತ್ತೇನೆ, ನೆಂಟರಿಗೂ ಆಗಾಗ ಮಾಡಿಕೊಡುತ್ತೇನೆ. ಇಷ್ಟು ಬಳಸಿದ ಮೇಲೆ ನನಗೆ ಅನಿಸಿದ್ದು ಇಷ್ಟು: ಹೆಸರಿರುವ ಯಾವ ಕಂಪನಿಯ ಮಶೀನಾದರೂ ಮನೆ ಕೆಲಸಕ್ಕೆ ಸಾಕು. ಕೆಲಸ ಚೆನ್ನಾಗಿ ಬರುವುದೂ ಕೆಡುವುದೂ ಅದಕ್ಕೆ ಹಾಕುವ ಬ್ಲೇಡಿನಿಂದ, ಅದಕ್ಕೆ ಬರುವ ಕರೆಂಟಿನಿಂದ. ಹಾಗಾಗಿ ಮಶೀನಿಗೆ ಅಂತ ಎತ್ತಿಟ್ಟ ದುಡ್ಡಿನಲ್ಲಿ ಮೂರನೇ ಒಂದು ಭಾಗವನ್ನಾದರೂ ಬ್ಲೇಡು, ವಯರಿಂಗು ಮತ್ತು ದೂಳು ಎಳೆಯುವ ವ್ಯವಸ್ಥೆಗೆ ಉಳಿಸಿಕೊಳ್ಳಿ.

ನನ್ನ ಶೆಡ್ಡಿನಲ್ಲಿ ಜಾಸ್ತಿ ಓಡಿದ್ದು ಸರ್ಕ್ಯುಲರ್ ಸಾ, ಅಂದರೆ ಕೈಯಲ್ಲಿ ಹಿಡಿದು ಓಡಿಸುವ ದುಂಡು ಬ್ಲೇಡಿನ ಗರಗಸ. ಬಾಷ್ ಜಿಕೆಎಸ್ 190, 1400 ವಾಟ್. 190 ಮಿಮೀ ಬ್ಲೇಡ್ ಹಾಕಿದರೆ ನೇರ ನಿಲ್ಲಿಸಿ 70 ಮಿಮೀ ದಪ್ಪದವರೆಗೆ ಕೊಯ್ಯುತ್ತದೆ. ಹಲಸು, ಹೊನ್ನೆ, ಸಿಲ್ವರ್ ಓಕ್, ಹಳೆ ಮನೆ ಕೆಡವಿದಾಗ ಸಿಕ್ಕ ತೇಗದ ತೊಲೆ, ಪ್ಲೈವುಡ್, ಎಲ್ಲವೂ ಇದರ ಕೆಳಗೆ ಹೋಗಿವೆ. ಮಶೀನ್ ಬಗ್ಗೆ ಹೇಳಲು ಹೆಚ್ಚೇನೂ ಇಲ್ಲ, ಅದರ ಪಾಡಿಗೆ ಅದು ಕೆಲಸ ಮಾಡುತ್ತದೆ. ಹೇಳಬೇಕಾದ್ದು ಬ್ಲೇಡಿನ ಬಗ್ಗೆ.

ಉದ್ದಕ್ಕೆ, ಅಂದರೆ ನಾರಿನ ಜೊತೆಗೆ ಸೀಳಲು 24 ಹಲ್ಲಿನ ಬ್ಲೇಡ್ ಬೇಕು. ಪ್ಲೈವುಡ್‌ಗೆ ಮತ್ತು ಅಡ್ಡ ಕೊಯ್ಯಲು 60 ಹಲ್ಲಿನದ್ದು. ಒಂದೇ ಬ್ಲೇಡಿನಲ್ಲಿ ಎರಡೂ ಮಾಡಿದರೆ ಏನಾಗುತ್ತದೆ ಅಂತ ನೋಡಬೇಕಾದರೆ 60 ಹಲ್ಲಿನದ್ದು ಹಾಕಿ ಎರಡಿಂಚು ದಪ್ಪದ ಹಲಸಿನ ಹಲಗೆಯನ್ನು ಉದ್ದಕ್ಕೆ ಸೀಳಿ ನೋಡಿ. ಹಲ್ಲುಗಳ ನಡುವಿನ ಸಂದು ಚಿಕ್ಕದು, ಪುಡಿ ಆಚೆ ಬೀಳಲು ಜಾಗ ಸಾಲುವುದಿಲ್ಲ. ಅಲ್ಲೇ ಉಜ್ಜಿ ಉಜ್ಜಿ ಬಿಸಿಯಾಗಿ ಹಳದಿ ಮರದ ಮೇಲೆ ಕಪ್ಪು ಗೆರೆ ಬೀಳುತ್ತದೆ. ಮೋಟಾರ್ ಏದುಸಿರು ಬಿಡುತ್ತದೆ. ಮಶೀನಿಗೆ ಶಕ್ತಿ ಇಲ್ಲ ಅಂತ ಜನ ದೂರುವುದು ಇಂಥ ಹೊತ್ತಿನಲ್ಲೇ. ಅದೇ ಮಶೀನಿಗೆ 24 ಹಲ್ಲಿನದ್ದು ಹಾಕಿದರೆ ಸಲೀಸಾಗಿ ಸೀಳುತ್ತದೆ. ಒಳ್ಳೆಯ 60 ಹಲ್ಲಿನ ಬ್ಲೇಡಿಗೆ ನಾನು ಕೊಟ್ಟದ್ದು ಮಶೀನಿನ ಬೆಲೆಯ ಕಾಲು ಭಾಗದ ಹತ್ತಿರ ಇತ್ತು. ಕೊಟ್ಟಿದ್ದಕ್ಕೆ ಒಂದು ಚೂರೂ ಬೇಜಾರಿಲ್ಲ.

ತೇಗ ಕೊಯ್ಯುವವರಿಗೆ ಇನ್ನೊಂದು ಮಾತು. ತೇಗದ ಒಳಗೆ ಸಿಲಿಕಾ ಇರುತ್ತದೆ, ಅಂದರೆ ಮರಳಿನ ಜಾತಿಯದ್ದೇ. ಮಾಮೂಲಿ ಸ್ಟೀಲ್ ಅಲಗು ಬಹಳ ಬೇಗ ಮೊಂಡಾಗುತ್ತದೆ. ಸ್ಟೀಲಿಗಿಂತ ಗಟ್ಟಿಯಾದ ಕಾರ್ಬೈಡ್ ಹಲ್ಲಿನದ್ದೇ ಬೇಕು. ಪ್ಲೈವುಡ್ಡಿನ ಅಂಟೂ ಅಲಗಿಗೆ ಅದನ್ನೇ ಮಾಡುತ್ತದೆ. ನಮ್ಮೂರು ಗುಡಿಗಾರರ ಊರು. ಶ್ರೀಗಂಧ ಕೆತ್ತುವವರು ಕೂತ ಕಡೆ ನೋಡಿದರೆ ಸಾಣೆಕಲ್ಲು ಕೈಗೆ ಸಿಗುವಷ್ಟು ಹತ್ತಿರ ಇರುತ್ತದೆ. ಅಷ್ಟು ಚಿಕ್ಕ ಉಳಿಗೇ ಅಷ್ಟು ಗಮನ ಕೊಡುತ್ತಾರೆ ಅಂದ ಮೇಲೆ ನಿಮಿಷಕ್ಕೆ ಐದೂವರೆ ಸಾವಿರ ಸುತ್ತು ತಿರುಗುವ ಬ್ಲೇಡಿಗೆ ಬೇಡ್ವಾ?

ಟೇಬಲ್ ಸಾ, ಅಂದರೆ ಮೇಜಿನ ನಡುವಿಂದ ಬ್ಲೇಡ್ ಮೇಲೆದ್ದಿರುವ ಮಶೀನು, ಇಲ್ಲದೆಯೂ ನೇರವಾಗಿ ಕೊಯ್ಯಬಹುದು. 12 ಮಿಮೀ ಪ್ಲೈನ ಉದ್ದನೆಯ ಪಟ್ಟಿ ತಗೊಳ್ಳಿ, ಸಾ ಕೂರುವಷ್ಟಕ್ಕಿಂತ ಸ್ವಲ್ಪ ಅಗಲ ಇರಲಿ. ಅದರ ಮೇಲೆ ಒಂದು ನೇರವಾದ ರೀಪನ್ನು ಅಂಟು ಹಾಕಿ ಸ್ಕ್ರೂ ಹೊಡೆಯಿರಿ. ಸಾ ಆ ರೀಪಿಗೆ ಒತ್ತಿಕೊಂಡು ಒಂದು ಸಲ ಉದ್ದಕ್ಕೂ ಓಡಿಸಿದರೆ ಅಡಿಯ ಪ್ಲೈನ ಅಂಚು ಬ್ಲೇಡಿಗೆ ಸರಿಯಾಗಿ ಕತ್ತರಿಸಿಹೋಗುತ್ತದೆ. ಅಲ್ಲಿಂದ ಮುಂದೆ ಆ ಅಂಚೇ ನಿಮ್ಮ ಕೊಯ್ಯುವ ಗೆರೆ. ಹಲಗೆಯ ಮೇಲೆ ಪೆನ್ಸಿಲ್ ಗೆರೆಗೆ ಅಂಚು ಕೂರಿಸಿ, ಎರಡು ಕ್ಲಾಂಪ್ ಬಿಗಿದು ಓಡಿಸಿದರೆ ಆಯ್ತು. ಈ ಅಂಚು ಮೇಲಿಂದ ಮರವನ್ನು ಒತ್ತಿ ಹಿಡಿಯುವುದರಿಂದ ಆ ಬದಿಗೆ ಸಿಬಿರೂ ಕಡಿಮೆ ಏಳುತ್ತದೆ. ಎಂಟಡಿ ನಾಲ್ಕಡಿಯ ಪ್ಲೈವುಡ್ ಹಾಳೆಯನ್ನು ನಾನು ನೆಲಕ್ಕೆ ದಪ್ಪ ಥರ್ಮೋಕೋಲ್ ಹಾಸಿ ಅದರ ಮೇಲೆ ಇಟ್ಟು ಕೊಯ್ಯುತ್ತೇನೆ. ಕೊಯ್ದ ತುಂಡು ಕುಸಿದು ಬ್ಲೇಡನ್ನು ಕಚ್ಚುವುದಿಲ್ಲ, ಒಬ್ಬನೇ ಇದ್ದರೂ ಕೆಲಸ ಆಗುತ್ತದೆ. ಚೆಂದದ ಮುಖ ಕೆಳಗಿರಲಿ. ಈ ಸಾದಲ್ಲಿ ಹಲ್ಲು ಕೆಳಗಿಂದ ಮೇಲಕ್ಕೆ ಬರುತ್ತದೆ, ಸಿಬಿರು ಏಳುವುದು ಮೇಲಿನ ಮುಖಕ್ಕೆ.

ನಮ್ಮಲ್ಲಿ ಸುಮಾರು ಬಡಗಿಗಳು ನಾಲ್ಕಿಂಚಿನ ಮಾರ್ಬಲ್ ಕಟರಿಗೆ, ಕೆಲವರು ಆಂಗಲ್ ಗ್ರೈಂಡರಿಗೂ ಮರದ ಬ್ಲೇಡ್ ಹಾಕಿ ಕೊಯ್ಯುತ್ತಾರೆ. ಅವರ ಕೈ ಪಳಗಿರಬಹುದು. ಆದರೆ ಮನೆಯಲ್ಲಿ ಕಲಿಯುವವರು ದಯವಿಟ್ಟು ಆ ದಾರಿ ಹಿಡಿಯಬೇಡಿ. ಗ್ರೈಂಡರಿಗೆ ಹಲ್ಲಿನ ಬ್ಲೇಡ್ ಅಂತೂ ಬೇಡವೇ ಬೇಡ. ಅದರ ಗಾರ್ಡ್ ಹಲ್ಲಿನ ಬ್ಲೇಡಿಗೆ ಮಾಡಿದ್ದಲ್ಲ. ಹಲ್ಲು ಮರಕ್ಕೆ ಸಿಕ್ಕಿಕೊಂಡರೆ ಮಶೀನ್ ಕೈಯಿಂದ ಹಾರುತ್ತದೆ.

ಈಗ ಕರೆಂಟು. ಮಲೆನಾಡಿನಲ್ಲಿ ಇರುವವರಿಗೆ ಇದು ಗೊತ್ತೇ ಇರುತ್ತದೆ. ಲೈನಿನ ಕೊನೆಯ ಮನೆಗಳಲ್ಲಿ 230 ವೋಲ್ಟ್ ಇರಬೇಕಾದ ಕಡೆ ಸಂಜೆ ಹೊತ್ತು 180 ಬರುತ್ತದೆ. ಪ್ಲಗ್ಗಿಗೆ ಹಾಕಿ ಕೈಯಲ್ಲಿ ಹಿಡಿಯುವ ಟೂಲ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಕಾರ್ಬನ್ ಬ್ರಶ್ (ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಇಂಗಾಲದ ತುಂಡು) ಇರುವ ಯೂನಿವರ್ಸಲ್ ಮೋಟಾರ್. ವೋಲ್ಟೇಜ್ ಇಳಿದರೆ ಅದು ನಿಧಾನ ಆಗುತ್ತದೆ, ಸುಮ್ನೆ ಒತ್ತದೆ ತಾಳ್ಮೆಯಿಂದ ಓಡಿಸಿದರೆ ಕೆಲಸ ನಡೆಯುತ್ತದೆ. ದೊಡ್ಡ ಟೇಬಲ್ ಸಾ, ದೊಡ್ಡ ಪ್ಲೇನರ್ (ಹತ್ತರಿ ಮಶೀನು) ಇಂಥವುಗಳ ಇಂಡಕ್ಷನ್ ಮೋಟಾರ್ ಹಾಗಲ್ಲ. ಅದರ ತಿರುಗಿಸುವ ಬಲ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಬೀಳುತ್ತದೆ. 180 ವೋಲ್ಟಿಗೆ ಉಳಿಯುವುದು ಸುಮಾರು ಶೇ. 60 ಮಾತ್ರ. ಕೆಲವೊಮ್ಮೆ ಸ್ಟಾರ್ಟೇ ಆಗದೆ ಗುಂಯ್ ಅಂತ ನಿಂತು ವೈಂಡಿಂಗ್ ಬಿಸಿಯಾಗುತ್ತದೆ. ಹಳ್ಳಿಯಲ್ಲಿ ಇಂಡಕ್ಷನ್ ಮೋಟಾರಿನ ಮಶೀನ್ ತರುವ ಮುಂಚೆ ಒಂದು ವಾರ ಸಂಜೆ ಹೊತ್ತು ವೋಲ್ಟೇಜ್ ನೋಡಿ ಬರೆದಿಟ್ಟುಕೊಳ್ಳಿ. ಮಲ್ಟಿಮೀಟರ್ ಏನು ಮಹಾ ದುಬಾರಿಯಲ್ಲ.

ಎಕ್ಸ್‌ಟೆನ್ಶನ್ ವಯರ್ ಮೇಲೂ ಕಣ್ಣಿರಲಿ. 30 ಮೀಟರ್ ಉದ್ದದ 0.75 ಚದರ ಮಿಮೀ ತಾಮ್ರದ ವಯರಿನಲ್ಲಿ 8 ಆಂಪ್ ಹರಿದರೆ ಸುಮಾರು 12 ವೋಲ್ಟ್ ಆ ವಯರಿನಲ್ಲೇ ಕಳೆದು ಹೋಗುತ್ತದೆ. 2.5 ಚದರ ಮಿಮೀ ಇದ್ದರೆ ನಾಲ್ಕು ವೋಲ್ಟಿನ ಒಳಗೆ. ಮೊದಲೇ 190 ಬರುವ ಕಡೆ ಈ 12 ಜಾಸ್ತಿಯೇ ಅಲ್ವಾ? ವಯರನ್ನು ಚಕ್ರಕ್ಕೆ ಸುತ್ತಿಟ್ಟು ಓಡಿಸಿದರೆ ಬಿಸಿಯಾಗಿ ಕರಗುತ್ತದೆ, ಪೂರ್ತಿ ಬಿಚ್ಚಿ ಹಾಕಿ. 1400 ವಾಟಿನ ಸಾ 6 ಆಂಪ್ ದಾಟುತ್ತದೆ, ಹಾಗಾಗಿ 6 ಆಂಪಿನ ಚಿಕ್ಕ ಪ್ಲಗ್ಗಿಗೆ ಹಾಕುವುದು ಬೇಡ. ಶೆಡ್ಡಿಗೆ ಪ್ರತ್ಯೇಕ ಲೈನ್ ಎಳೆಸಿ 16 ಆಂಪಿನ ಸಾಕೆಟ್ ಹಾಕಿಸಿದ್ದು ನಾನು ಮಾಡಿದ ಒಳ್ಳೆಯ ಖರ್ಚುಗಳಲ್ಲಿ ಒಂದು.

ಎರಡನೆಯ ಪ್ರೀತಿಯ ಮಶೀನು ಟ್ರಿಮ್ಮರ್ ರೌಟರ್, ಮಕೀಟಾ 3709. 530 ವಾಟ್, ನಿಮಿಷಕ್ಕೆ 30,000 ಸುತ್ತು. ಕಪಾಟಿನ ಅಂಚು ಉರುಟು ಮಾಡಲು, ಹಿಂಜ್ ಕೂರಿಸುವ ಗುಳಿ ತೆಗೆಯಲು, ಲ್ಯಾಮಿನೇಟ್ ಸವರಲು ಇದರಷ್ಟು ಹಗುರ ಮತ್ತೊಂದಿಲ್ಲ. ಒಂದು ಸೂಕ್ಷ್ಮ ಮಾತ್ರ ಎಲ್ಲರಿಗೂ ತಿಳಿದಿರಬೇಕು. ನಮ್ಮ ಮಾರುಕಟ್ಟೆಯಲ್ಲಿ ಬಿಟ್‌ಗಳು, ಅಂದರೆ ಇದಕ್ಕೆ ಹಾಕುವ ತಿರುಗುವ ಅಲಗುಗಳು, 6 ಮಿಮೀ ಕಡ್ಡಿಯವೂ ಸಿಗುತ್ತವೆ, ಕಾಲು ಇಂಚಿನವೂ ಸಿಗುತ್ತವೆ. ಕಾಲು ಇಂಚು ಅಂದರೆ 6.35 ಮಿಮೀ. ಕಣ್ಣಿಗೆ ಎರಡೂ ಒಂದೇ. 6ರ ಕಾಲೆಟ್ಟಿಗೆ, ಅಂದರೆ ಬಿಟ್ಟಿನ ಕಡ್ಡಿಯನ್ನು ಕಚ್ಚಿ ಹಿಡಿಯುವ ಭಾಗಕ್ಕೆ, ಕಾಲು ಇಂಚು ಹೋಗುವುದೇ ಇಲ್ಲ, ಅದರಿಂದ ತೊಂದರೆ ಇಲ್ಲ. ಅಪಾಯ ಇರುವುದು ಉಲ್ಟಾ ಆದಾಗ. ಕಾಲು ಇಂಚಿನ ಕಾಲೆಟ್ಟಿಗೆ 6 ಮಿಮೀ ಬಿಟ್ ಹಾಕಿ ಬಿಗಿದರೆ ಬಿಗಿಯಾದ ಹಾಗೇ ಇರುತ್ತದೆ. ಓಡುವಾಗ ಮೆಲ್ಲಗೆ ಕೆಳಗೆ ಜಾರುತ್ತದೆ, ಗುಳಿ ಆಳ ಆಗುತ್ತಾ ಹೋಗುತ್ತದೆ, ಕೊನೆಗೆ ಬಿಟ್ ಹಾರಿ ಬರಬಹುದು. ಯಾವ ಕಾಲೆಟ್ ಇದೆ ಅಂತ ಅದರ ಮೇಲೇ ಕೊರೆದಿರುತ್ತದೆ, ನೋಡಿಕೊಳ್ಳಿ. ಬಿಟ್ಟನ್ನು ಪೂರ್ತಿ ಒಳಗೆ ತಳ್ಳಿ, ಎರಡು ಮೂರು ಮಿಮೀ ಹೊರಗೆ ಎಳೆದು ಆಮೇಲೆ ಬಿಗಿಯಿರಿ.

ಹಲಗೆಯ ನಾಲ್ಕೂ ಅಂಚಿಗೆ ಓಡಿಸುವಾಗ ಗಡಿಯಾರದ ಉಲ್ಟಾ ದಿಕ್ಕಿನಲ್ಲಿ ಹೋಗಬೇಕು. ನಾರು ಕೊನೆಯಾಗುವ ಅಡ್ಡ ಅಂಚುಗಳನ್ನು ಮೊದಲು ಮುಗಿಸಿ. ಮೂಲೆಯಲ್ಲಿ ಸಿಬಿರು ಎದ್ದರೂ ಉದ್ದದ ಅಂಚು ಮಾಡುವಾಗ ಅದು ಹೋಗಿಬಿಡುತ್ತದೆ. ಈ ಟ್ರಿಮ್ಮರಿನಲ್ಲಿ ವೇಗ ಕಡಿಮೆ ಮಾಡುವ ಗುಂಡಿ ಇಲ್ಲ, ಆದ್ದರಿಂದ ಒಂದು ಇಂಚಿಗಿಂತ ಅಗಲದ ಬಿಟ್ ಇದಕ್ಕಲ್ಲ. ಅಂಥವಕ್ಕೆ ವೇಗ ಇಳಿಸಬಹುದಾದ ದೊಡ್ಡ ರೌಟರ್ ಬೇಕು.

ಹತ್ತರಿ ಮಶೀನಿಗೆ ಮಕೀಟಾ 1900ಬಿ ಇದೆ, 82 ಮಿಮೀ ಅಗಲ, ಒಂದು ಸಲಕ್ಕೆ ಹೆಚ್ಚೆಂದರೆ 1 ಮಿಮೀ ತೆಗೆಯುತ್ತದೆ. ಹಳೆ ತೊಲೆಗಳ ಮೇಲ್ಮೈ ತೆಗೆಯಲು ಇದು ಬೇಕೇ ಬೇಕು. ಆದರೆ ಹಳೆ ಮನೆಯ ಮರ ಅಂದರೆ ಒಳಗೆ ಮೊಳೆ ಇದ್ದೇ ಇರುತ್ತದೆ. ತಲೆ ಮುರಿದು, ಮೇಲೆ ಎಣ್ಣೆ ಮಸಿ ಹಿಡಿದು ಕಾಣುವುದಿಲ್ಲ. ನಾನು ಹಳೆ ಸ್ಪೀಕರಿನ ಮ್ಯಾಗ್ನೆಟ್ ತುಂಡನ್ನು ದಾರಕ್ಕೆ ಕಟ್ಟಿಕೊಂಡು ತೊಲೆಯ ಮೇಲೆ ಕೂದಲೆಳೆ ಎತ್ತರದಲ್ಲಿ ನಿಧಾನ ಓಡಿಸುತ್ತೇನೆ. ಮೊಳೆ ಇದ್ದ ಕಡೆ ದಾರ ಓರೆಯಾಗುತ್ತದೆ. ಅಲ್ಲಿ ಸೀಮೆಸುಣ್ಣದ ಗುರುತು ಹಾಕಿ, ಉಳಿಯಿಂದ ಸುತ್ತ ಬಿಡಿಸಿ, ಇಕ್ಕಳದಿಂದ ಕೀಳುತ್ತೇನೆ. ಒಂದು ಮೊಳೆ ಸಿಕ್ಕರೆ ಎರಡೂ ಅಲಗಿನಲ್ಲಿ ಕಚ್ಚು ಬೀಳುತ್ತದೆ, ಆಮೇಲೆ ಹಲಗೆಯ ಉದ್ದಕ್ಕೂ ಒಂದು ಏಣು ಉಳಿಯುತ್ತದೆ.

ಮರಳು ಕಾಗದದಿಂದ ಮರ ಉಜ್ಜುವ ಸ್ಯಾಂಡರಿಗೆ ಬಾಷ್ ಜಿಇಎಕ್ಸ್ 125-1 ಎಇ. 250 ವಾಟ್ ಸಾಕಾಗುತ್ತದಾ ಅಂತ ಅನುಮಾನ ಬೇಡ, ಸಾಕು. ಒತ್ತಬೇಡಿ ಅಷ್ಟೇ. ಮಶೀನಿನ ತೂಕವೇ ಸಾಕು. ಒತ್ತಿದರೆ ಪ್ಯಾಡ್ ತಿರುಗುವುದು ನಿಂತು ಬರೀ ನಡುಗುತ್ತದೆ, ಮರದ ಮೇಲೆ ಚಿಕ್ಕ ಚಿಕ್ಕ ಸುರುಳಿ ಗೀರು ಬೀಳುತ್ತದೆ. ಪಾಲಿಶ್ ಹಚ್ಚಿದ ಮೇಲೇ ಅವು ಎದ್ದು ಕಾಣುವುದು. 80, 120, 180, ಈ ಮೂರು ನಂಬರಿನ ಕಾಗದದಲ್ಲಿ ನನ್ನ ಕೆಲಸ ಮುಗಿಯುತ್ತದೆ.

ಸ್ಯಾಂಡರ್ ಜೊತೆಗೇ ದೂಳು ಎಳೆಯುವ ವ್ಯಾಕ್ಯೂಮ್ ಕೊಳ್ಳಿ, ಆಮೇಲೆ ಅಂತ ಮುಂದೂಡಬೇಡಿ. ಮರದ ದೂಳು ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಅದನ್ನು ಒಂದನೇ ಗುಂಪಿಗೆ ಸೇರಿಸಿದೆ. ತೇಗ, ಬೀಟೆಯ ದೂಳು ಕೆಲವರಿಗೆ ಮೈ ತುರಿಕೆಯನ್ನೂ ತರುತ್ತದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ, ಬಟ್ಟೆಯಲ್ಲಿ ಅಂಟಿದ ದೂಳು ಒಳಗೆ ಬರುತ್ತದೆ. ಎನ್95 ಮಾಸ್ಕ್ ಮತ್ತು ಕಿವಿಗೆ ಮುಚ್ಚಳ ನಾನು ಯಾವತ್ತೂ ಬಿಡುವುದಿಲ್ಲ. ವ್ಯಾಕ್ಯೂಮ್ ಕೊಳ್ಳುವಾಗ ನಿಮ್ಮ ಟೂಲ್‌ಗಳ ಬಾಯಿಯ ಅಳತೆ ಬರೆದುಕೊಂಡು ಹೋಗಿ. ಒಂದೊಂದು ಕಂಪನಿಗೆ ಒಂದೊಂದು ಅಳತೆ. ಸೈಕಲ್ ಟ್ಯೂಬಿನ ತುಂಡು ಮತ್ತು ಕ್ಲಿಪ್ಪಿನಿಂದ ನಾನು ಹೊಂದಿಸಿಕೊಂಡಿದ್ದೇನೆ, ಚೆನ್ನಾಗಿಯೇ ನಡೆದಿದೆ.

ಬ್ಯಾಟರಿ ಡ್ರಿಲ್ ಮಳೆಗಾಲದಲ್ಲಿ ವರ. ಗಾಳಿಗೆ ಮರ ಬಿದ್ದು ಲೈನ್ ಹರಿದರೆ ಎರಡು ದಿನ ಕರೆಂಟ್ ಇರುವುದಿಲ್ಲ, ಆಗಲೂ ಇದು ಓಡುತ್ತದೆ. 18 ವೋಲ್ಟ್ ಮತ್ತು 20 ವೋಲ್ಟ್ ಮ್ಯಾಕ್ಸ್ ಅಂತ ಬರೆದ ಬ್ಯಾಟರಿಗಳು ಬೇರೆ ಬೇರೆ ಅಲ್ಲ. ಎರಡರ ಒಳಗೂ ಐದು ಸೆಲ್ ಸಾಲಾಗಿ ಇರುತ್ತವೆ. ಪೂರ್ತಿ ಚಾರ್ಜ್ ಆದಾಗಿನ ವೋಲ್ಟೇಜನ್ನು ಒಂದು ಕಡೆ ಬರೆಯುತ್ತಾರೆ, ಓಡುವಾಗಿನದ್ದನ್ನು ಇನ್ನೊಂದು ಕಡೆ. ಅಂಗಡಿಯವರು 20 ಜಾಸ್ತಿ ಶಕ್ತಿ ಅಂದರೆ ಅದಕ್ಕೆ ದುಡ್ಡು ಹೆಚ್ಚು ಕೊಡಬೇಡಿ. ನನ್ನ ಮೊದಲ ಡ್ರಿಲ್ ಅಗ್ಗದ ಸೆಟ್ಟಿನಲ್ಲಿ ಬಂದದ್ದು. ಮಶೀನ್ ಇನ್ನೂ ಗಟ್ಟಿಯಿದೆ, ಆದರೆ ಬ್ಯಾಟರಿ ಹೋದ ಮೇಲೆ ಆ ಕಂಪನಿಯ ಬ್ಯಾಟರಿಯೇ ಸಿಗಲಿಲ್ಲ. ಈಗ ಕೊಳ್ಳುವಾಗ ಡ್ರಿಲ್ ಬದಲು ಬ್ಯಾಟರಿಯನ್ನು ನೋಡುತ್ತೇನೆ. ಅದೇ ಬ್ಯಾಟರಿ ಹತ್ತು ಟೂಲಿಗೆ ಹೊಂದಬೇಕು, ಬಿಡಿಯಾಗಿ ಜಿಲ್ಲಾ ಕೇಂದ್ರದಲ್ಲಾದರೂ ಸಿಗಬೇಕು.

ಟೇಬಲ್ ಸಾ ಕೊನೆಗೆ ತಂದೆ, 1800 ವಾಟಿನ ಹತ್ತಿಂಚಿನದ್ದು. ಒಂದೇ ಅಳತೆಯ ಪಟ್ಟಿ ತುಂಬಾ ಬೇಕಾದಾಗ ಇದಕ್ಕೆ ಸಾಟಿಯಿಲ್ಲ. ಆದರೂ ಮೊದಲ ವರ್ಷವೇ ತನ್ನಿ ಅಂತ ಹೇಳಲಾರೆ. ಬ್ಲೇಡಿನ ಹಿಂದೆ ನಿಲ್ಲುವ ರೈವಿಂಗ್ ನೈಫ್ ಅನ್ನು ಅಡ್ಡ ಬರುತ್ತದೆ ಅಂತ ಬಿಚ್ಚಿಡುವವರನ್ನು ನೋಡಿದ್ದೇನೆ. ಸೀಳಿದ ಮರ ಒಳಗೊಳಗೇ ಮುಚ್ಚಿಕೊಂಡು ಬ್ಲೇಡಿನ ಹಿಂಭಾಗವನ್ನು ಹಿಡಿದರೆ ಹಲಗೆ ನೇರ ನಿಮ್ಮ ಹೊಟ್ಟೆಗೆ ಬರುತ್ತದೆ. ಅದನ್ನು ತಡೆಯುವುದೇ ಆ ಚಿಕ್ಕ ತಗಡು. ಸರಿಯಾಗಿ ಕಲಿಯಬೇಕು ಅನ್ನುವವರಿಗೆ ಬೆಂಗಳೂರಿನ ಮಲ್ಲೇಶ್ವರದಲ್ಲಿ ಕೇಂದ್ರ ಸರ್ಕಾರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ, ಅಲ್ಲಿ ಮರಗೆಲಸದ ತರಬೇತಿಯೂ ಇದೆ.

ಅಂಗಡಿಯಿಂದ ಬರುವಾಗ ಆ ಮಾಡೆಲ್ಲಿನ ಕಾರ್ಬನ್ ಬ್ರಶ್ ಒಂದು ಜೊತೆ ಹೆಚ್ಚಿಗೆ ತಗೊಳ್ಳಿ. ಸರ್ವಿಸ್ ಸೆಂಟರ್ ನಮ್ಮಿಂದ ದೂರ, ಬ್ರಶ್ ಬದಲಿಸಲು ಮಶೀನ್ ಅಲ್ಲಿಗೆ ಕಳಿಸುವುದು ವ್ಯರ್ಥ. ಮೋಟಾರಿನ ಎರಡು ಬದಿಗೆ ಅಗಲ ಗೀರಿನ ಮುಚ್ಚಳ ಇದ್ದರೆ ಪ್ಲಗ್ ಕಿತ್ತು ಸ್ಕ್ರೂಡ್ರೈವರಿನಲ್ಲಿ ಬಿಚ್ಚಿ. ಸ್ಪ್ರಿಂಗ್ ಸಮೇತ ಬ್ರಶ್ ಮೇಲೆ ಬರುತ್ತದೆ. ಹೊಸದರ ಪಕ್ಕ ಇಟ್ಟು ನೋಡಿ, ಮೂರನೇ ಒಂದು ಭಾಗಕ್ಕೆ ಇಳಿದಿದ್ದರೆ ಎರಡೂ ಬದಿಯದ್ದು ಒಟ್ಟಿಗೆ ಬದಲಿಸಿ. ಐದು ನಿಮಿಷ ಹಾಗೇ ಖಾಲಿ ಓಡಿಸಿ ಆಮೇಲೆ ಮರಕ್ಕೆ ಹಚ್ಚಿ.